ವರ್ಚುವಲ್‌ಬಾಕ್ಸ್‌ನ ಯುಎಸ್‌ಬಿ: ನಡುವೆಯೇ ವೇಷ ಬದಲಿಸುವ ಡಿವೈಸ್‌ಗಳ ಕಾಟ

ಗೆಸ್ಟ್ (ವರ್ಚುವಲ್‌ಬಾಕ್ಸ್ ಒಳಗೆ ಓಡುವ ಕಂಪ್ಯೂಟರ್) ಒಳಗೆ ಅಪ್‌ಲೋಡ್ ಬಟನ್ ಒತ್ತುತ್ತೀರಿ. ಕಂಪೈಲ್ ಮುಗಿಯುತ್ತದೆ, ಯುಎಸ್‌ಬಿಗೆ ಚುಚ್ಚಿದ ಮೈಕ್ರೋಕಂಟ್ರೋಲರ್ ಬೋರ್ಡ್‌ನ ದೀಪ ಮಿನುಗುತ್ತದೆ, ಅಷ್ಟರಲ್ಲಿ ಅದರ ಜೊತೆ ಮಾತಾಡುವ ಸೀರಿಯಲ್ ಪೋರ್ಟ್ ಮಾಯ. ಒಂದು ಗಳಿಗೆ ಮುಂಚೆ ಇದ್ದದ್ದು ಈಗಿಲ್ಲ. ಹೋಸ್ಟ್‌ನಲ್ಲಿ, ಅಂದರೆ ಹೊರಗಿನ ಅಸಲಿ ಕಂಪ್ಯೂಟರ್‌ನಲ್ಲಿ, ನೋಡಿದರೆ ಬೋರ್ಡ್ ಆರಾಮಾಗಿ ಅಲ್ಲಿ ಕೂತಿರುತ್ತದೆ. ಒಂದು ಕಂಪ್ಯೂಟರ್ ಒಳಗೆ ಇನ್ನೊಂದನ್ನು ಓಡಿಸುವ ತಂತ್ರಾಂಶವಾದ ವರ್ಚುವಲ್‌ಬಾಕ್ಸ್ ಬಗ್ಗೆ ಹೇಳಲು ಬೇಕಾದಷ್ಟಿದೆ. ಆದರೆ ವರ್ಷಗಟ್ಟಲೆ ಬಳಸಿದ ಮೇಲೂ ತಲೆ ತಿನ್ನುವುದು ಇದೊಂದೇ, ಹಾಗಾಗಿ ಈ ಬರಹದ ಬಹುಪಾಲು ಇದಕ್ಕೇ ಮೀಸಲು. ರ‍್ಯಾಮ್ ಎಷ್ಟು ಕೊಡಬೇಕು, ಗ್ರಾಫಿಕ್ಸ್ ಹೇಗಿದೆ ಅನ್ನುವುದೆಲ್ಲ ನಿಮಗೆ ಗೊತ್ತಿರುವುದೇ.

ತೀರ್ಪಿಗೆ ಮೊದಲು ಬಳಕೆ ಯಾವ ಬಗೆಯದು ಎಂದು ಹೇಳಿಬಿಡುವುದು ಒಳ್ಳೆಯದು. ಹೋಸ್ಟ್ ಲಿನಕ್ಸ್, ಗೆಸ್ಟ್‌ಗಳು ವಿಂಡೋಸ್ ಮತ್ತು ಲಿನಕ್ಸ್. ಒಳಗೆ ಹೋಗುವ ಡಿವೈಸ್‌ಗಳು ಮೈಕ್ರೋಕಂಟ್ರೋಲರ್ ಬೋರ್ಡ್‌ಗಳು, ಸೀರಿಯಲ್ ಅಡಾಪ್ಟರ್‌ಗಳು, ಡಿಜಿಟಲ್ ಸಹಿಯ ಟೋಕನ್, ಹಳೇ ವಿಂಡೋಸ್‌ಗೆ ಮಾತ್ರ ಡ್ರೈವರ್ ಇರುವ ಒಂದು ಸ್ಕ್ಯಾನರ್. ಇಷ್ಟಕ್ಕಾಗಿ ಇನ್ನೊಂದು ಕಂಪ್ಯೂಟರ್ ಕೊಳ್ಳುವವರಿಗಲ್ಲ ಈ ವಿಮರ್ಶೆ. ಇರುವ ಒಂದರಲ್ಲೇ ಕೆಲಸ ಸಾಗಿಸುವವರಿಗೆ.

ದಿನದ ಕೆಲಸ ಶುರುವಾಗುವ ರೀತಿ ಹೀಗೆ. ಮೊದಲು ಗೆಸ್ಟ್ ಪೂರ್ತಿ ಏಳಲಿ, ಲಾಗಿನ್ ಪರದೆ ಬರಲಿ. ಆಮೇಲೆ ಡಿವೈಸ್ ಚುಚ್ಚಿ. ಹೋಸ್ಟ್‌ನ ಟರ್ಮಿನಲ್ ಒಂದರಲ್ಲಿ ಕರ್ನಲ್‌ನ (ಲಿನಕ್ಸ್‌ನ ತಿರುಳು) ಸಂದೇಶ ತೋರಿಸುವ ಡಿಮೆಸೆಗ್ ಕಮಾಂಡ್ ಅನ್ನು ಹೈಫನ್ ಡಬ್ಲ್ಯೂ ಹಾಕಿ ಓಡುತ್ತಾ ಬಿಟ್ಟಿರಬೇಕು. ಚುಚ್ಚಿದ ಕೂಡಲೇ 'ನ್ಯೂ ಫುಲ್-ಸ್ಪೀಡ್ ಯುಎಸ್‌ಬಿ ಡಿವೈಸ್ ನಂಬರ್ 7' ಎಂಬ ಸಾಲು ಬರುತ್ತದೆ, ಅದರ ಬೆನ್ನಿಗೇ ಹೋಸ್ಟ್‌ನ ಡ್ರೈವರ್ ಅದಕ್ಕೊಂದು ಸೀರಿಯಲ್ ಪೋರ್ಟ್ ಕಟ್ಟಿದ ಸಾಲು. ಈಗ ವಿಎಂ (ವರ್ಚುವಲ್ ಮಷೀನ್, ಗೆಸ್ಟ್ ಓಡುವ ಯಂತ್ರ) ಕಿಟಕಿಯ ಕೆಳ ಬಲಮೂಲೆಯ ಪುಟ್ಟ ಯುಎಸ್‌ಬಿ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಹೆಸರಿಗೆ ಟಿಕ್ ಹಾಕಿದರೆ, ಹೋಸ್ಟ್‌ನ ಪೋರ್ಟ್ ಕಳಚಿಕೊಂಡು 'ರೀಸೆಟ್' ಅನ್ನುವ ಇನ್ನೊಂದು ಸಾಲು. ಅರೆಕ್ಷಣ ಮೌನ. ಆಮೇಲೆ ಗೆಸ್ಟ್ ವಿಂಡೋಸ್‌ನಿಂದ ಆ ಎರಡು ಸ್ವರದ ಸದ್ದು. ಈ ಸದ್ದು ಕೇಳುವುದರಲ್ಲಿ ಒಂದು ಖುಷಿ ಇದೆ, ಅದು ಹಳತಾಗುವುದೇ ಇಲ್ಲ. ಡಿಮೆಸೆಗ್ ತೆರೆದಿಡುವುದು ಶೋಕಿಗಲ್ಲ. ಅಲ್ಲಿ ಮೊದಲ ಸಾಲೇ ಬರದಿದ್ದರೆ ತಪ್ಪು ವಿಎಂನದ್ದಲ್ಲ. ಕೇಬಲ್ ಚಾರ್ಜಿಂಗ್‌ಗೆ ಮಾತ್ರದ್ದಿರಬಹುದು, ಹಬ್ ಸತ್ತಿರಬಹುದು. ಈ ಒಂದು ಸಾಲು ನೋಡದೆ ವಿಎಂ ಸೆಟ್ಟಿಂಗ್ ಕೆದಕುತ್ತಾ ಕೂರುವುದು ವ್ಯರ್ಥ.

ಪೆನ್‌ಡ್ರೈವ್ ಆದರೆ ಟಿಕ್ ಹಾಕುವ ಮೊದಲು ಹೋಸ್ಟ್‌ನಲ್ಲಿ ಅನ್‌ಮೌಂಟ್ ಮಾಡಲೇಬೇಕು. ಹೋಸ್ಟ್‌ನ ಕಣ್ಣಿಗೆ ಟಿಕ್ ಅಂದರೆ ಯಾರೋ ಡ್ರೈವ್ ಅನ್ನು ಫಕ್ಕನೆ ಕಿತ್ತುಕೊಂಡಂತೆ; ಬರೆಯುವುದು ಬಾಕಿ ಇದ್ದರೆ ಫೈಲ್ ಹೋಯಿತು.

ಹೊಸಬರು ಮೊದಲು ಎಡವುವುದು ಅನುಮತಿಯಲ್ಲಿ. ಪಟ್ಟಿ ಖಾಲಿ, ಒಂದು ಡಿವೈಸೂ ಕಾಣುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವಂತೆ, ಕರ್ನಲ್‌ಗೆ ಡಿವೈಸ್ ಸಿಕ್ಕಿದರೂ ವಿಬಾಕ್ಸ್‌ಯೂಸರ್ಸ್ ಗುಂಪಿನಲ್ಲಿ ನಿಮ್ಮ ಹೆಸರಿಲ್ಲದೆ ವರ್ಚುವಲ್‌ಬಾಕ್ಸ್‌ಗೆ ಅದು ಸಿಗುವುದಿಲ್ಲ. ಯೂಸರ್‌ಮಾಡ್ ಕಮಾಂಡ್‌ನಿಂದ ಸೇರಿಸಿ, ಪೂರ್ತಿ ಲಾಗ್‌ಔಟ್ ಆಗಿ ಬನ್ನಿ. ಹೊಸ ಟರ್ಮಿನಲ್ ತೆರೆದರೆ ಸಾಲದು, ಗುಂಪಿನ ಲೆಕ್ಕ ನಡೆಯುವುದು ಲಾಗಿನ್ ಹೊತ್ತಿನಲ್ಲಿ. ಐಡಿ ಕಮಾಂಡ್ ಕೊಟ್ಟು ಗುಂಪಿನ ಹೆಸರು ಕಂಡಿತಾ ಎಂದು ನೋಡಿಯೇ ಮುಂದೆ ಹೋಗಿ. ಇದನ್ನು ಮಾಡಬೇಕಾದದ್ದು ಹೋಸ್ಟ್‌ನಲ್ಲಿ. ಗೆಸ್ಟ್‌ನೊಳಗೆ ಮಾಡಿ 'ಕೆಲಸ ಮಾಡುತ್ತಿಲ್ಲ' ಅನ್ನುವವರು ಬೇಕಾದಷ್ಟು ಮಂದಿ.

ಕಂಟ್ರೋಲರ್, ಅಂದರೆ ಗೆಸ್ಟ್‌ಗೆ ಯುಎಸ್‌ಬಿ ಪೋರ್ಟ್ ಒದಗಿಸುವ ಭಾಗ. ಅದರ ಆಯ್ಕೆಯಲ್ಲಿ ಹೆಚ್ಚು ಯೋಚಿಸಬೇಕಾಗಿಲ್ಲ. ಒಎಚ್‌ಸಿಐ ಅಂದರೆ ಯುಎಸ್‌ಬಿ 1.1, ಇಎಚ್‌ಸಿಐ ಅಂದರೆ 2.0, ಎಕ್ಸ್‌ಎಚ್‌ಸಿಐ ಅಂದರೆ 3.0. 2022ರ 7.0 ಆವೃತ್ತಿಗೆ ಮುಂಚೆ ಕೊನೆಯ ಎರಡಕ್ಕೂ ಎಕ್ಸ್‌ಟೆನ್ಷನ್ ಪ್ಯಾಕ್ (ಬೇರೆಯಾಗಿ ಹಾಕಿಕೊಳ್ಳುವ ಹೆಚ್ಚುವರಿ ಪ್ಯಾಕೇಜ್) ಬೇಕಿತ್ತು, ಅದರ ಆವೃತ್ತಿ ಮೂಲ ತಂತ್ರಾಂಶದ ಆವೃತ್ತಿಗೆ ಸರಿಹೊಂದಬೇಕಿತ್ತು, ಕಚೇರಿ ಕೆಲಸಕ್ಕಾದರೆ ಪರವಾನಗಿಯ ತಕರಾರು ಬೇರೆ. ಈಗ ಮೂರೂ ಮೂಲ ಪ್ಯಾಕೇಜ್‌ನಲ್ಲೇ ಇವೆ. ಕಾಸು ಲೆಕ್ಕ ಹಾಕಿ ಬಳಸುವವರಿಗೆ 7.0ರಲ್ಲಿ ಸಿಕ್ಕ ದೊಡ್ಡ ಲಾಭ ಇದೇ. ವಿಂಡೋಸ್ 8 ಮತ್ತು ಅದಕ್ಕಿಂತ ಹೊಸ ಗೆಸ್ಟ್‌ಗೆ, ಹೊಸ ಲಿನಕ್ಸ್‌ಗೆ ಕಣ್ಣು ಮುಚ್ಚಿ 3.0 ಆರಿಸಿ. ವಿಂಡೋಸ್ 7ರಲ್ಲಿ ಎಕ್ಸ್‌ಎಚ್‌ಸಿಐ ಡ್ರೈವರ್ ಹುಟ್ಟಿನಿಂದಲೇ ಇಲ್ಲ. ವರ್ಚುವಲ್‌ಬಾಕ್ಸ್ ನಟಿಸುವುದು ಇಂಟೆಲ್ 7 ಸೀರೀಸ್ ಕಂಟ್ರೋಲರ್ ಆದ್ದರಿಂದ ಆ ಚಿಪ್‌ಸೆಟ್‌ನ ಯುಎಸ್‌ಬಿ 3.0 ಡ್ರೈವರ್ ಹಾಕಿಕೊಳ್ಳಬೇಕು, ಇಲ್ಲವೇ 2.0ಕ್ಕೆ ಇಳಿಯಬೇಕು. ಎಕ್ಸ್‌ಪಿಗೆ 2.0ಯೇ ಗತಿ. 'ವಿಇಆರ್‌ಆರ್ ಪಿಡಿಎಂ ನೋ ಯುಎಸ್‌ಬಿ ಪೋರ್ಟ್ಸ್' ಎಂಬ ದೋಷ ಬಂದರೆ ಡಿವೈಸ್‌ನ ವೇಗಕ್ಕೆ ಹೊಂದುವ ಪೋರ್ಟ್ ವಿಎಂನಲ್ಲಿಲ್ಲ ಎಂದರ್ಥ. ವಿಎಂ ಪೂರ್ತಿ ಆಫ್ ಮಾಡಿ (ಸೇವ್ ಮಾಡಿಟ್ಟ ಸ್ಥಿತಿಯಲ್ಲಿ ಸೆಟ್ಟಿಂಗ್ ಬದಲಾಗದು) ಕಂಟ್ರೋಲರ್ ಬದಲಿಸಿ.

ಇನ್ನು 'ಬ್ಯುಸಿ ವಿತ್ ಎ ಪ್ರೀವಿಯಸ್ ರಿಕ್ವೆಸ್ಟ್' ಎಂಬ ಸಂದೇಶ. ಡಿವೈಸ್ ಅನ್ನು ಹೋಸ್ಟ್‌ನಲ್ಲೇ ಯಾರೋ ಹಿಡಿದುಕೊಂಡಿದ್ದಾರೆ, ಇಲ್ಲವೇ ಹಿಂದಿನ ಪ್ರಯತ್ನ ಅರ್ಧಕ್ಕೆ ಸಿಕ್ಕಿಕೊಂಡಿದೆ. ಕಿತ್ತು, ಹತ್ತು ಸೆಕೆಂಡ್ ಬಿಟ್ಟು ಮತ್ತೆ ಚುಚ್ಚಿದರೆ ಎರಡನೆಯದು ಸರಿಹೋಗುತ್ತದೆ. ಮೊದಲನೆಯದಕ್ಕೆ ಕಳ್ಳನನ್ನು ಹುಡುಕಬೇಕು. ಸಹಿಯ ಟೋಕನ್ ಆದರೆ ಹೋಸ್ಟ್‌ನಲ್ಲಿ ಸ್ಮಾರ್ಟ್‌ಕಾರ್ಡ್ ನೋಡಿಕೊಳ್ಳುವ ಪಿಸಿಎಸ್‌ಸಿಡಿ ಸೇವೆ, ಸೀರಿಯಲ್ ಬೋರ್ಡ್ ಅಥವಾ ಡಾಂಗಲ್ ಆದರೆ ಮೋಡೆಮ್‌ಮ್ಯಾನೇಜರ್, ಫೋನ್ ಆದರೆ ತಾನಾಗಿ ಮೌಂಟ್ ಮಾಡುವ ಫೈಲ್ ಮ್ಯಾನೇಜರ್. ಆ ಸೇವೆ ನಿಲ್ಲಿಸಿ ನೋಡಿ. ವರ್ಚುವಲ್‌ಬಾಕ್ಸ್‌ನ ವಿಬಾಕ್ಸ್‌ಮ್ಯಾನೇಜ್ ಕಮಾಂಡ್‌ಗೆ ಲಿಸ್ಟ್ ಯುಎಸ್‌ಬಿಹೋಸ್ಟ್ ಎಂದು ಕೊಟ್ಟರೆ ಪ್ರತಿ ಡಿವೈಸ್‌ನ ಕೆಳಗೆ ಸ್ಥಿತಿ ಬರೆದಿರುತ್ತದೆ: ಅವೈಲಬಲ್ ಆದರೆ ಕೊಡಬಹುದು, ಬ್ಯುಸಿ ಆದರೆ ಹೋಸ್ಟ್ ಬಳಸುತ್ತಿದೆ, ಕ್ಯಾಪ್ಚರ್ಡ್ ಆದರೆ ಯಾವುದೋ ವಿಎಂ ಕೈಯಲ್ಲಿದೆ. ಮೆನುವಿಗಿಂತ ಈ ಪಟ್ಟಿ ಪ್ರಾಮಾಣಿಕ.

ಈಗ ಮೊದಲು ಹೇಳಿದ ಕಾಟಕ್ಕೆ ಬರೋಣ. ಆರ್ಡ್ವಿನೋ ಲಿಯೊನಾರ್ಡೊ ಎಂಬ ಬೋರ್ಡ್ ತೆಗೆದುಕೊಳ್ಳಿ. ಪ್ರೋಗ್ರಾಂ ಓಡುತ್ತಿರುವಾಗ ಅದರ ಗುರುತು 2341:8036, ಕೋಲನ್‌ಗೆ ಮುಂಚಿನದು ತಯಾರಕರ ಸಂಖ್ಯೆ, ಆಮೇಲಿನದು ಉತ್ಪನ್ನದ ಸಂಖ್ಯೆ. ಅಪ್‌ಲೋಡ್ ಒತ್ತಿದಾಗ ಐಡಿಇ (ಪ್ರೋಗ್ರಾಂ ಬರೆಯುವ ತಂತ್ರಾಂಶ) ಆ ಪೋರ್ಟನ್ನು 1200 ಬಾಡ್ ವೇಗದಲ್ಲಿ ತೆರೆದು ಮುಚ್ಚುತ್ತದೆ. ಅದು ಬೋರ್ಡ್‌ಗೆ ಸಂಜ್ಞೆ. ಬೋರ್ಡ್ ರೀಸೆಟ್ ಆಗಿ, ಹೊಸ ಪ್ರೋಗ್ರಾಂ ಬರೆಸಿಕೊಳ್ಳುವ ಬೂಟ್‌ಲೋಡರ್ ಆಗಿ ಏಳುತ್ತದೆ, ಆಗ ಗುರುತು 2341:0036. ಯುಎಸ್‌ಬಿ ಲೆಕ್ಕದಲ್ಲಿ ಹಳೇ ಡಿವೈಸ್ ಕಿತ್ತುಹೋಗಿ ಬೇರೆಯೇ ಒಂದು ಡಿವೈಸ್ ಬಂದ ಹಾಗೆ. ನೀವು ಟಿಕ್ ಹಾಕಿದ್ದು ಹಳೆಯದಕ್ಕೆ. ಹೊಸದು ಯಾರಿಗೆ ಸೇರಬೇಕು ಎಂದು ಯಾರೂ ಹೇಳಿಲ್ಲ, ಅದು ಹೋಸ್ಟ್‌ನಲ್ಲೇ ಉಳಿಯುತ್ತದೆ. ಬೂಟ್‌ಲೋಡರ್ ಕಾಯುವುದು ಸುಮಾರು 8 ಸೆಕೆಂಡ್. ಅಷ್ಟರಲ್ಲಿ ಮೌಸ್ ಹಿಡಿದು, ಐಕಾನ್ ಹುಡುಕಿ, ಟಿಕ್ ಹಾಕಿ, ಗೆಸ್ಟ್ ಅದನ್ನು ಗುರುತಿಸಿ ಪೋರ್ಟ್ ಕೊಡುವಷ್ಟರಲ್ಲಿ ಬೋರ್ಡ್ ಮತ್ತೆ ಹಳೇ ವೇಷಕ್ಕೆ ಮರಳಿರುತ್ತದೆ. ಫಾಸ್ಟ್‌ಬೂಟ್‌ಗೆ ಹೋಗುವ ಆಂಡ್ರಾಯ್ಡ್ ಫೋನ್, ಬೂಟ್‌ಸೆಲ್ ಬಟನ್ ಒತ್ತಿ ಚುಚ್ಚಿದ ರಾಸ್ಪ್‌ಬೆರಿ ಪೈ ಪಿಕೋ, ರಿಕವರಿ ಮತ್ತು ಡಿಎಫ್‌ಯು ಸ್ಥಿತಿಗಳ ಐಫೋನ್, ಎಲ್ಲವೂ ಇದೇ ಜಾತಿ. ಫರ್ಮ್‌ವೇರ್ ಬರೆಯುವ ಹೊತ್ತಿನಲ್ಲೇ ಇದು ನಡೆಯುವುದರಿಂದ ಸಿಟ್ಟು ಇಮ್ಮಡಿ.

ಇಲ್ಲಿಗೆ ಬಿಟ್ಟಿದ್ದರೆ ಒಂದೇ ನಕ್ಷತ್ರ ಕೊಟ್ಟು ಮುಗಿಸಬಹುದಿತ್ತು. ಆದರೆ ಮದ್ದು ಒಳಗೇ ಇದೆ, ಅದೂ ಬಲು ಸುಲಭದ್ದು. ವಿಎಂನ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ವಿಭಾಗದಲ್ಲಿ ಡಿವೈಸ್ ಫಿಲ್ಟರ್ ಎಂಬ ಪಟ್ಟಿ ಇದೆ. ಅಲ್ಲಿ ಪ್ಲಸ್ ಗುರುತಿನ ಐಕಾನ್ ಒತ್ತಿ ಚುಚ್ಚಿರುವ ಬೋರ್ಡನ್ನು ಆರಿಸಿದರೆ ತಯಾರಕರ ಸಂಖ್ಯೆ, ಉತ್ಪನ್ನದ ಸಂಖ್ಯೆ, ರಿವಿಷನ್, ಹೆಸರು, ಸೀರಿಯಲ್ ನಂಬರ್ ಎಲ್ಲ ಖಾನೆಗಳೂ ತಾವೇ ತುಂಬಿಕೊಳ್ಳುತ್ತವೆ. ಬಹಳ ಜನ ಸರಿ ಎಂದು ಒತ್ತಿ ಹೊರಬರುತ್ತಾರೆ, ಕಾಟ ಮುಂದುವರಿಯುತ್ತದೆ. ಯಾಕೆಂದರೆ ತುಂಬಿದ ಪ್ರತಿ ಖಾನೆಯೂ ಹೊಂದಲೇಬೇಕು ಎಂಬುದು ಫಿಲ್ಟರ್‌ನ ನಿಯಮ, ಬೂಟ್‌ಲೋಡರ್‌ಗೆ ಬೇರೆ ಉತ್ಪನ್ನ ಸಂಖ್ಯೆ. ರಿವಿಷನ್, ಹೆಸರುಗಳೂ ಬೇರೆ ಇರಬಹುದು, ಸೀರಿಯಲ್ ನಂಬರ್ ಇರದೆಯೂ ಹೋಗಬಹುದು. ಫಿಲ್ಟರ್ ಮೇಲೆ ಡಬಲ್ ಕ್ಲಿಕ್ ಮಾಡಿ ತಯಾರಕರ ಸಂಖ್ಯೆ 2341 ಒಂದನ್ನು ಬಿಟ್ಟು ಉಳಿದದ್ದೆಲ್ಲ ಅಳಿಸಿ. ಖಾಲಿ ಖಾನೆ ಅಂದರೆ 'ಏನಾದರೂ ಸರಿ'. ಈಗ 8036 ಆಗಿ ಬಂದರೂ 0036 ಆಗಿ ಬಂದರೂ ಬೋರ್ಡ್ ನೇರ ಗೆಸ್ಟ್‌ಗೆ. ಫಿಲ್ಟರ್ ಬರೆದ ಮೇಲೆ ಒಮ್ಮೆ ಕಿತ್ತು ಮತ್ತೆ ಚುಚ್ಚಿ, ಅದು ಕೆಲಸ ಮಾಡುವುದು ಹೊಸದಾಗಿ ಬರುವ ಡಿವೈಸ್ ಮೇಲೆ.

ಅಲ್ಲಿಂದಾಚೆ ಅಪ್‌ಲೋಡ್ ಒತ್ತಿ ಡಿಮೆಸೆಗ್ ನೋಡುವುದೇ ಒಂದು ಚೆಂದ: ಕಿತ್ತ ಸಾಲು, ಬಂದ ಸಾಲು, ರೀಸೆಟ್, ಮತ್ತೆ ಕಿತ್ತ ಸಾಲು, ಬಂದ ಸಾಲು, ಗೆಸ್ಟ್‌ನಲ್ಲಿ ಅಪ್‌ಲೋಡ್ ಮುಗಿದಿದೆ. ಗೆಸ್ಟ್ ವಿಂಡೋಸ್ ಆದರೆ ಮೊದಲ ಸಲ ಸೋಲಬಹುದು, ಹೊಸ ಗುರುತಿಗೆ ಡ್ರೈವರ್ ಹಾಕುವುದರಲ್ಲೇ ಆ 8 ಸೆಕೆಂಡ್ ಕಳೆದಿರುತ್ತದೆ. ಎರಡನೇ ಸಲ ಒತ್ತಿ. ಬೂಟ್‌ಲೋಡರ್‌ಗೆ ಬೇರೆ ಕಾಮ್ ಪೋರ್ಟ್ ಸಂಖ್ಯೆ ಸಿಗುವುದೂ ಸಹಜ, ಗಾಬರಿ ಬೇಡ.

ಒಂದು ಎಚ್ಚರಿಕೆ: ಎಲ್ಲ ಖಾನೆಯೂ ಖಾಲಿ ಇರುವ ಫಿಲ್ಟರ್ ಬರೆಯಬೇಡಿ. ಅದು ಎಲ್ಲವನ್ನೂ ಎಳೆದುಕೊಳ್ಳುತ್ತದೆ, ಕೀಬೋರ್ಡ್, ಮೌಸ್ ಸಮೇತ. ತಯಾರಕರ ಸಂಖ್ಯೆ ಮಾತ್ರ ಬರೆದಾಗಲೂ ಯೋಚಿಸಿ. 0403:6001 ಅಂದರೆ ಎಫ್‌ಟಿಡಿಐ ಸೀರಿಯಲ್ ಚಿಪ್. 0403 ಎಂದಷ್ಟೇ ಬರೆದರೆ ಆ ಚಿಪ್ ಕೂತಿರುವ ಎಲ್ಲ ಅಡಾಪ್ಟರ್‌ಗಳೂ ಒಂದೇ ವಿಎಂಗೆ ಓಡುತ್ತವೆ. ಇಂಥ ಅಡಾಪ್ಟರ್ ವೇಷ ಬದಲಿಸುವುದಿಲ್ಲ, ಆದ್ದರಿಂದ ಇದಕ್ಕೆ ಸೀರಿಯಲ್ ನಂಬರ್ ಉಳಿಸಿಕೊಳ್ಳುವುದೇ ಜಾಣತನ.

ಗೆಸ್ಟ್‌ಗೆ ತಲುಪಿದ ಮೇಲೂ ಕೆಲವೊಮ್ಮೆ ಕೆಲಸ ಆಗದು, ಆಗ ಬೈಗುಳ ವರ್ಚುವಲ್‌ಬಾಕ್ಸ್‌ಗೆ ಸಲ್ಲುವುದಿಲ್ಲ. ಉಬುಂಟು, ಡೆಬಿಯನ್ ಗೆಸ್ಟ್‌ನಲ್ಲಿ ಸೀರಿಯಲ್ ಪೋರ್ಟ್ ತೆರೆಯಲು ಬಳಕೆದಾರ ಡಯಲ್‌ಔಟ್ ಗುಂಪಿನಲ್ಲಿರಬೇಕು. ಉಬುಂಟು 22.04ರಲ್ಲಿ ಸಿಎಚ್340 ಎಂಬ ಸೀರಿಯಲ್ ಚಿಪ್‌ನ ಬೋರ್ಡ್‌ಗಳು ಬಂದ ಕೂಡಲೇ ಮಾಯವಾಗುತ್ತಿದ್ದವು: ಬ್ರೈಲ್ ಪರದೆಗಾಗಿ ಇರುವ ಬಿಆರ್‌ಎಲ್‌ಟಿಟಿವೈ ಸೇವೆ ಆ ಚಿಪ್‌ನ ಗುರುತನ್ನು ತನ್ನದೆಂದು ತಿಳಿದು ಕಿತ್ತುಕೊಳ್ಳುತ್ತಿತ್ತು. ಗೆಸ್ಟ್‌ನ ಡಿಮೆಸೆಗ್‌ನಲ್ಲಿ ಅದರ ಹೆಸರೇ ಬರೆದಿರುತ್ತದೆ. ಬ್ರೈಲ್ ಪರದೆ ಬಳಸದಿದ್ದರೆ ಆ ಪ್ಯಾಕೇಜ್ ತೆಗೆದುಹಾಕಿ.

ಹೋಸ್ಟ್ ವಿಂಡೋಸ್ ಆಗಿದ್ದು ಯಾವ ಡಿವೈಸೂ ಹಿಡಿತಕ್ಕೆ ಸಿಗದಿದ್ದರೆ ರಿಜಿಸ್ಟ್ರಿಯಲ್ಲಿ 36ಎಫ್‌ಸಿ9ಇ60 ಎಂದು ಶುರುವಾಗುವ ಯುಎಸ್‌ಬಿ ಕ್ಲಾಸ್ ಕೀಯಲ್ಲಿ ಅಪ್ಪರ್‌ಫಿಲ್ಟರ್ಸ್ ಎಂಬ ಮೌಲ್ಯ ಇದೆಯೇ ನೋಡಿ. ಬೇರೆ ಯಾವುದೋ ತಂತ್ರಾಂಶ ತನ್ನ ಫಿಲ್ಟರ್ ಡ್ರೈವರ್ ಅಲ್ಲಿ ಕೂರಿಸಿ ದಾರಿ ಕಟ್ಟಿರುತ್ತದೆ. ಕೀಯನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡು ಆ ಮೌಲ್ಯ ಅಳಿಸಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಕಹಿ ಮಾತು ಉಳಿಯಿತು. ವೆಬ್‌ಕ್ಯಾಮ್, ಆಡಿಯೋ ಇಂಟರ್‌ಫೇಸ್‌ಗಳಿಗೆ ಈ ದಾರಿ ಬೇಡ. ಅವು ಬಳಸುವುದು ಐಸೋಕ್ರೋನಸ್ ವರ್ಗಾವಣೆ. ಪ್ಯಾಕೆಟ್ ಹೊತ್ತಿಗೆ ಸರಿಯಾಗಿ ಬರಬೇಕು, ತಪ್ಪಿದ್ದನ್ನು ಮತ್ತೆ ಕಳಿಸುವ ಏರ್ಪಾಡಿಲ್ಲ. ಹೋಸ್ಟ್ ಮತ್ತು ಗೆಸ್ಟ್ ಎರಡನ್ನೂ ದಾಟಿ ಬರುವಷ್ಟರಲ್ಲಿ ಹೊತ್ತು ತಪ್ಪುತ್ತದೆ, ಸದ್ದು ಪಟಪಟ ಒಡೆಯುತ್ತದೆ. ಕ್ಯಾಮೆರಾಗೆ ಎಕ್ಸ್‌ಟೆನ್ಷನ್ ಪ್ಯಾಕ್‌ನ ವೆಬ್‌ಕ್ಯಾಮ್ ಸೌಲಭ್ಯ ಇದೆ, ಡಿವೈಸಸ್ ಮೆನುವಿನಲ್ಲಿ ವೆಬ್‌ಕ್ಯಾಮ್ಸ್ ಎಂದು. ಅದರಲ್ಲಿ ಡಿವೈಸ್ ಹೋಸ್ಟ್ ಕೈಯಲ್ಲೇ ಉಳಿದು ಚಿತ್ರ ಮಾತ್ರ ಒಳಗೆ ಹೋಗುತ್ತದೆ. ಆಡಿಯೋ ಇಂಟರ್‌ಫೇಸ್ ಗೆಸ್ಟ್‌ನಲ್ಲೇ ಬೇಕೆಂದರೆ ಲಿನಕ್ಸ್‌ನದೇ ವಿಎಂ ವ್ಯವಸ್ಥೆಯಾದ ಕೆವಿಎಂಗೆ ಹೋಗಿ, ಪಿಸಿಐಇ ಯುಎಸ್‌ಬಿ ಕಾರ್ಡ್ ಒಂದನ್ನು ಕರ್ನಲ್‌ನ ವಿಎಫ್‌ಐಒ ಸೌಲಭ್ಯದ ಮೂಲಕ ಇಡಿಯಾಗಿ ಗೆಸ್ಟ್‌ಗೆ ಒಪ್ಪಿಸಬೇಕು. ಬಯಾಸ್‌ನಲ್ಲಿ ಐಒಎಂಎಂಯು (ಕಾರ್ಡ್‌ಗಳು ಮೆಮೊರಿ ಮುಟ್ಟುವುದನ್ನು ಬೇರ್ಪಡಿಸುವ ಏರ್ಪಾಡು) ಚಾಲೂ ಇರಬೇಕು, ಆ ಕಾರ್ಡ್ ತನ್ನದೇ ಐಒಎಂಎಂಯು ಗುಂಪಿನಲ್ಲಿರಬೇಕು.

ಹಾಗಂತ ಎಲ್ಲಕ್ಕೂ ಕೆವಿಎಂಗೆ ಗಂಟುಮೂಟೆ ಕಟ್ಟಬೇಕೆಂದಿಲ್ಲ. ಕೆವಿಎಂ ವಿಎಂಗಳನ್ನು ನಿಭಾಯಿಸುವ ಲಿಬ್‌ವರ್ಟ್‌ನಲ್ಲಿ ಡಿವೈಸ್ ಅನ್ನು ಬಸ್ ಮತ್ತು ಡಿವೈಸ್ ಸಂಖ್ಯೆಯಿಂದ ಕಟ್ಟಿದರೆ ಪ್ರತಿ ಸಲ ಕಿತ್ತು ಚುಚ್ಚಿದಾಗಲೂ ಸಂಖ್ಯೆ ಬದಲಾಗುತ್ತದೆ. ತಯಾರಕರ ಸಂಖ್ಯೆ, ಉತ್ಪನ್ನದ ಸಂಖ್ಯೆ ಎಂಬ ಎರಡು ಗುರುತಿನಿಂದ ಕಟ್ಟಿದರೆ ಡಿವೈಸ್ ಚುಚ್ಚಿರದಾಗ ವಿಎಂ ಏಳುವುದೇ ಇಲ್ಲ, ಸ್ಟಾರ್ಟಪ್‌ಪಾಲಿಸಿಯನ್ನು ಆಪ್ಷನಲ್ ಎಂದು ಬರೆಯದ ಹೊರತು. ಕೆವಿಎಂ ಜೊತೆ ವಿಎಂ ಓಡಿಸುವ ಕ್ಯೂಎಮುಗೆ ನೇರವಾಗಿ ಹೋಸ್ಟ್‌ಬಸ್, ಹೋಸ್ಟ್‌ಪೋರ್ಟ್ ಕೊಟ್ಟರೆ ಆ ತೂತಿಗೆ ಚುಚ್ಚಿದ್ದೆಲ್ಲ ಒಳಗೆ, ಗುರುತು ಏನೇ ಇರಲಿ. ವೇಷ ಬದಲಿಸುವ ಬೋರ್ಡ್‌ಗೆ ಹೇಳಿ ಮಾಡಿಸಿದ್ದು, ಆದರೆ ಕಮಾಂಡ್ ಸಾಲಿನಲ್ಲಿ ಬದುಕುವ ಅಭ್ಯಾಸ ಬೇಕು. ವಿಂಡೋಸ್‌ನದೇ ವಿಎಂ ವ್ಯವಸ್ಥೆಯಾದ ಹೈಪರ್-ವಿಯಲ್ಲಿ ಸಾಮಾನ್ಯ ಯುಎಸ್‌ಬಿ ಡಿವೈಸ್ ಕೊಡುವ ಸೌಲಭ್ಯವೇ ಇಲ್ಲ. ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ 2ಕ್ಕೆ ಯುಎಸ್‌ಬಿಐಪಿಡಿ-ವಿನ್ ಎಂಬ ತಂತ್ರಾಂಶ ಇದೆ, ಅದರ ಬೈಂಡ್ ಕಮಾಂಡ್ ಒಂದು ಸಲ ಸಾಕು, ಅಟ್ಯಾಚ್ ಮಾತ್ರ ಮಾಮೂಲಿಯಾಗಿ ಚುಚ್ಚಿದಾಗಲೆಲ್ಲ ಮಾಡಬೇಕು.

ಬೋರ್ಡ್, ಟೋಕನ್, ಸ್ಕ್ಯಾನರ್‌ಗೆ ವರ್ಚುವಲ್‌ಬಾಕ್ಸ್‌ಗೆ ಐದರಲ್ಲಿ ನಾಲ್ಕು. ಪ್ಲಸ್ ಒತ್ತಿದಾಗ ಎಲ್ಲ ಖಾನೆಯನ್ನೂ ತುಂಬಿ ಕೂರಿಸುವ ಆ ಕಿಟಕಿಗಾಗಿ ಒಂದು ಕಡಿತ.