ಎಲೆ ಬಾಡಿದೆ ಅಂತ ಆರ್ಕಿಡ್‌ಗೆ ನೀರು ಹಾಕುವ ಮುಂಚೆ ಇದನ್ನೊಮ್ಮೆ ಓದಿ

ನಾಲ್ಕು ಆರ್ಕಿಡ್ ತಂದಿದ್ದೆ. ಮೂರನ್ನು ಕೈಯಾರೆ ಕೊಂದೆ. ನೀರಿಲ್ಲದೆ ಅಲ್ಲ, ನೀರು ಹಾಕಿ ಹಾಕಿ. ಚಿಕ್ಕಮಗಳೂರಲ್ಲಿ ನನಗೆ ಗೊತ್ತಿರುವ ಎಷ್ಟೋ ಮನೆಗಳಲ್ಲಿ ಈಗ ಕಿಟಕಿ ಪಕ್ಕ ಒಂದು ಆರ್ಕಿಡ್ ಕುಂಡ ಇದೆ. ಮಳೆಗಾಲ ಬೇರೆ ಹತ್ತಿರ ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವರ್ಷ ಫೆಬ್ರವರಿಯಲ್ಲಿ ಒಂದು ನರ್ಸರಿಯಿಂದ ತಂದೆ. ಯಾವುದು ಅಂತ ಕೇಳಬೇಡಿ. ಫೆಲನಾಪ್ಸಿಸ್ ಜಾತಿಯವು. ದಪ್ಪ ಎಲೆ, ಉದ್ದ ಕಡ್ಡಿಯ ಮೇಲೆ ಚಿಟ್ಟೆ ಕೂತ ಹಾಗೆ ಸಾಲು ಹೂವು. ಒಂದಕ್ಕೆ 650 ರೂಪಾಯಿ. ಚೆಂದದ ಬಿಳಿ ಪಿಂಗಾಣಿ ಕುಂಡದಲ್ಲಿ ಇಳಿಸಿ ಕೊಟ್ಟು, "ದಿನಾ ಸ್ವಲ್ಪ ನೀರು ತೋರಿಸಿ, ಸಾಕು" ಅಂದರು. ನಾನು ಹೂವು ನೋಡಿದೆ, ಕುಂಡದ ತಳ ನೋಡಲಿಲ್ಲ. ತಳದಲ್ಲಿ ತೂತೇ ಇರಲಿಲ್ಲ.

ಏಪ್ರಿಲ್ ಹೊತ್ತಿಗೆ ಎಲೆಗಳು ಸುಕ್ಕಾದವು. ಮುಟ್ಟಿದರೆ ಚರ್ಮದ ಹಾಗೆ ಮೆತ್ತಗೆ. ಬಿಸಿಲುಗಾಲ, ಬಾಯಾರಿಕೆ ಆಗಿದೆ ಅಂದುಕೊಂಡೆ. ಯಾರಾದರೂ ಹಾಗೇ ಅಂದುಕೊಳ್ತಾರೆ, ಅಲ್ವಾ? ದಿನಕ್ಕೊಮ್ಮೆ ಇದ್ದ ನೀರು ಎರಡು ಹೊತ್ತು ಆಯಿತು. ಸುಕ್ಕು ಇನ್ನೂ ಜಾಸ್ತಿ ಆಯಿತು. ನಾನು ಇನ್ನೂ ನೀರು ಹಾಕಿದೆ.

ಮನೆಯವರು ಒಮ್ಮೆ ಅನುಮಾನಪಟ್ಟಾಗ ಆಲ್ದೂರಿನ ಅತ್ತೆ ಮನೆಯ ಉದಾಹರಣೆ ಕೊಟ್ಟು ಬಾಯಿ ಮುಚ್ಚಿಸಿದ್ದೆ. ಅವರ ತೋಟದ ಹಲಸಿನ ಮರದಲ್ಲಿ ಸೀತಾಳೆ ದಂಡೆ ಇದೆ. ಅದೂ ಆರ್ಕಿಡ್ಡೇ. ಜೂನ್, ಜುಲೈ ಪೂರ್ತಿ ಮಳೆಯಲ್ಲಿ ನೆನೆಯುತ್ತೆ, ಏನೂ ಆಗಲ್ಲ. "ಅದಕ್ಕೆ ಆಗದ್ದು ಇದಕ್ಕೆ ಯಾಕೆ ಆಗುತ್ತೆ?" ಅಂದಿದ್ದೆ. ನಾನು ನೋಡದೇ ಇದ್ದದ್ದು ಏನೆಂದರೆ, ಆ ಸೀತಾಳೆಯ ಬೇರು ತೊಗಟೆಗೆ ಅಂಟಿಕೊಂಡು ಗಾಳಿಯಲ್ಲೇ ಇರುತ್ತೆ. ಮಳೆ ಬಿದ್ದಷ್ಟೂ ಹರಿದುಹೋಗುತ್ತೆ. ಕುಂಡದಲ್ಲಿ ಹರಿಯೋದೆಲ್ಲಿಗೆ?

ಜುಲೈಯಲ್ಲಿ ಒಂದು ಗಿಡ ವಾಲಿತು. ನೆಟ್ಟಗೆ ಮಾಡೋಣ ಅಂತ ಹಿಡಿದರೆ ಕೈಗೇ ಬಂತು. ವಾಸನೆ, ಕೊಳೆತ ಎಲೆಕೋಸಿನ ಹಾಗೆ. ಬೇರು ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಒಂದನ್ನು ಎರಡು ಬೆರಳಲ್ಲಿ ಹಿಡಿದು ಎಳೆದೆ. ಮೇಲಿನ ಸಿಪ್ಪೆ ಕಾಲುಚೀಲದ ಹಾಗೆ ಜಾರಿ ಬಂತು. ಒಳಗೆ ಉಳಿದದ್ದು ಬಾಳೆನಾರಿನಂಥ ಒಂದು ಎಳೆ. ಬೇರಿನ ಮಧ್ಯೆ ನಿಂಬೆಹಣ್ಣಿನ ಗಾತ್ರದ ಪಾಚಿ ಉಂಡೆ ಇತ್ತು. ಸಸಿ ಚಿಕ್ಕದಿದ್ದಾಗ ಅದರಲ್ಲೇ ಬೆಳೆಸಿ, ಹಾಗೇ ದೊಡ್ಡ ಕುಂಡಕ್ಕೆ ಹಾಕಿರುತ್ತಾರಂತೆ. ಹಿಂಡಿದೆ. ನೀರು ಸುರಿಯಿತು. ಕುಂಡದಲ್ಲಿ ಮಣ್ಣಿನ ಬದಲು ತುಂಬಿದ್ದ ಮರದ ತೊಗಟೆಯಲ್ಲಿ ಮೇಲಿನ ಚೂರುಗಳು ಮಾತ್ರ ಒಣಗಿ ಗರಗರ ಅನ್ನುತ್ತಿದ್ದವು. ಅದನ್ನೇ ಮುಟ್ಟಿ ನೋಡಿ ನಾನು ದಿನಾ ನೀರು ಹಾಕುತ್ತಿದ್ದೆ.

ಇಲ್ಲಿ ಆಗೋದು ಇಷ್ಟೇ. ಈ ಗಿಡಗಳ ಬೇರಿಗೆ ವೆಲಮೆನ್ ಅನ್ನುವ ಸ್ಪಂಜಿನಂಥ ಹೊದಿಕೆ ಇರುತ್ತೆ. ನೀರು ಬಿದ್ದ ತಕ್ಷಣ ಹೀರಿಕೊಳ್ಳುತ್ತೆ, ಆಮೇಲೆ ಅದು ಒಣಗಬೇಕು. ಸದಾ ನೆನೆದಿದ್ದರೆ ಗಾಳಿ ಸಿಗದೆ ಬೇರು ಸಾಯುತ್ತೆ. ಸತ್ತ ಬೇರು ನೀರು ಎಳೆಯಲ್ಲ. ಆಗ ಕುಂಡದ ತುಂಬ ನೀರಿದ್ದರೂ ಎಲೆಗೆ ಒಂದು ಹನಿ ಹೋಗಲ್ಲ. ನೀರಿಲ್ಲದ ಗಿಡದ ಎಲೆ ಹೇಗೆ ಸುಕ್ಕಾಗುತ್ತೋ, ನೀರು ಜಾಸ್ತಿಯಾದದ್ದರ ಎಲೆಯೂ ಹಾಗೇ ಸುಕ್ಕಾಗುತ್ತೆ. ಎಲೆ ನೋಡಿ ರೋಗ ಹೇಳೋಕೆ ಆಗಲ್ಲ. ಬೇರು ನೋಡಲೇಬೇಕು.

ಬೇರು ಬೆಳ್ಳಿ ಬಣ್ಣಕ್ಕಿದ್ದು, ಒತ್ತಿದರೆ ಗಟ್ಟಿಯಾಗಿದ್ದು, ನೀರು ತಾಗಿದ ಸ್ವಲ್ಪ ಹೊತ್ತಿಗೆ ಹಸಿರಾದರೆ ಅದಕ್ಕೆ ನಿಜವಾಗಲೂ ಬಾಯಾರಿಕೆ. ನೀರು ಕೊಡಿ. ಮೆತ್ತಗಿದ್ದರೆ, ಸಿಪ್ಪೆ ಜಾರಿದರೆ ಕೊಳೆತಿದೆ. ಬಣ್ಣ ಒಂದನ್ನೇ ನಂಬಬೇಡಿ. ಬೆಳಕು ಬೀಳದ ಕಡೆ ತೊಗಟೆಯ ಕಲೆ ಹತ್ತಿ ಕಂದಾದ ಬೇರೂ ಒತ್ತಿದರೆ ಗಟ್ಟಿ ಇರುತ್ತೆ. ಅದು ಬದುಕಿದೆ. ನಾನು ಅಂಥ ಒಂದೆರಡನ್ನು ಸುಮ್ನೆ ಕತ್ತರಿಸಿ ಬಿಸಾಡಿದೆ. ಇನ್ನೊಂದು, ಎಲ್ಲಕ್ಕಿಂತ ಕೆಳಗಿನ ಒಂದೇ ಎಲೆ ನಿಧಾನವಾಗಿ ಹಳದಿಯಾದರೆ ಗಾಬರಿ ಬೇಡ. ಅದಕ್ಕೆ ವಯಸ್ಸಾಗಿರುತ್ತೆ ಅಷ್ಟೇ.

ಎರಡನೇ ಗಿಡದ ಕಥೆ ಹೇಳಲು ನಾಚಿಕೆ. ಬೇರು ಕೊಳೆತಿದೆ ಅಂತ ಗೊತ್ತಾದ ಮೇಲೆ, ಒಳ್ಳೆ ಮಣ್ಣಿಗೆ ಹಾಕಿದರೆ ಚಿಗುರೀತು ಅಂತ ತೋಟದ ಮಣ್ಣು, ಕೊಟ್ಟಿಗೆ ಗೊಬ್ಬರ ಕಲಸಿ ನೆಟ್ಟೆ. ಗುಲಾಬಿಗೆ ಮಾಡುವ ಉಪಚಾರ. ಮೂರು ವಾರದಲ್ಲಿ ಮುಗಿಯಿತು. ಮೂರನೆಯದಕ್ಕೆ ಬೇರು ಸುಮಾರಾಗಿ ಚೆನ್ನಾಗೇ ಇತ್ತು. ಆದರೆ ಸಂಜೆ ಹೊತ್ತು ತಲೆ ಮೇಲಿಂದ ನೀರು ಸುರಿದೆ. ಎಲೆಗಳು ಕೂಡುವ ನಡುವಿನ ಬಟ್ಟಲಲ್ಲಿ ನೀರು ನಿಂತಿತು. ಜಡಿಮಳೆಯ ದಿನಗಳು, ಮನೆಯೊಳಗೆ ಬಟ್ಟೆಯೇ ಒಣಗಲ್ಲ. ನಾಲ್ಕೈದು ದಿನಕ್ಕೆ ನಡು ಕಪ್ಪಾಗಿ, ಸುಳಿಯ ಎಲೆ ಎಳೆದರೆ ಬಂತು. ಈ ಜಾತಿ ಬೆಳೆಯೋದು ಆ ಒಂದು ಸುಳಿಯಿಂದಲೇ. ಸುಳಿ ಕೊಳೆತರೆ ಗಿಡ ಉಳಿಯೋದು ಅಪರೂಪ.

ನಾಲ್ಕನೆಯದರಲ್ಲಿ ಮೂರು ಗಟ್ಟಿ ಬೇರು ಉಳಿದಿದ್ದವು. ಬ್ಲೇಡನ್ನು ಗ್ಯಾಸ್ ಉರಿಯಲ್ಲಿ ಕಾಯಿಸಿ, ಆರಿಸಿ, ಕೊಳೆತದ್ದನ್ನೆಲ್ಲ ಕತ್ತರಿಸಿದೆ. ಪಾಚಿ ಉಂಡೆ ಪೂರ್ತಿ ಬಿಡಿಸಿದೆ. ಅಲ್ಲೂ ಒಂದು ಎಡವಟ್ಟು. ಗಾಯಕ್ಕೆ ಚಕ್ಕೆ ಪುಡಿ ಒಳ್ಳೆಯದು ಅಂತ ಯಾರೋ ಹೇಳಿದ್ದರು, ನಾನು ಬೇರಿಗೆಲ್ಲ ಹಿಟ್ಟು ಉದುರಿಸಿದ ಹಾಗೆ ಉದುರಿಸಿದೆ. ಚಕ್ಕೆ ಬೇರನ್ನು ಒಣಗಿಸಿಬಿಡುತ್ತೆ. ಕತ್ತರಿಸಿದ ತುದಿಗೆ ಚಿಟಿಕೆ ಸವರಬೇಕಿತ್ತು ಅಷ್ಟೇ. ಒಂದು ಬೇರು ಸೊರಗಿತು. ಉಳಿದದ್ದು ಎರಡು.

ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಗೆ ಕಾದ ಮೊಳೆಯಿಂದ ತಳಕ್ಕೂ ಪಕ್ಕಕ್ಕೂ ತೂತು ಹಾಕಿ, ಇದ್ದಿಲು, ಹಂಚಿನ ಚೂರು, ಸ್ವಲ್ಪ ತೊಗಟೆ ತುಂಬಿ ಕೂರಿಸಿದೆ. ದೊಡ್ಡ ಡಬ್ಬಿ ಬೇಡ, ಬೇರು ಹಿಡಿಸುವಷ್ಟಿದ್ದರೆ ಸಾಕು. ತೆಂಗಿನ ಸಿಪ್ಪೆ ಹಾಕಿ ಅಂತ ಕೆಲವರು ಹೇಳ್ತಾರೆ. ಬಯಲುಸೀಮೆ ಕಡೆ ಸರಿ ಇರಬಹುದು, ನಮ್ಮ ಮಳೆಗಾಲಕ್ಕೆ ಅದು ನೀರು ಹಿಡಿದಿಡೋದು ಜಾಸ್ತಿ. ಹೊಸ ಬೇರು ಬರೋವರೆಗೆ ಗೊಬ್ಬರ ಮುಟ್ಟಿಸಲಿಲ್ಲ.

ನೀರಿಗೆ ಈಗ ವಾರದ ಲೆಕ್ಕ ಇಟ್ಟುಕೊಂಡಿಲ್ಲ. ಉರಿದು ಮುಗಿದ ಊದುಬತ್ತಿಯ ಕಡ್ಡಿಯನ್ನು ಡಬ್ಬಿಯ ನಡುವಿನವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆದು ಕೆನ್ನೆಗೆ ತಾಗಿಸಿ ನೋಡ್ತೀನಿ. ತಣ್ಣಗಿದ್ದರೆ ನೀರಿಲ್ಲ. ಒಣಗಿದ್ದು, ಡಬ್ಬಿ ಎತ್ತಿದರೆ ಹಗುರ ಅನ್ನಿಸಿ, ಬೇರು ಬೆಳ್ಳಿ ಬಣ್ಣಕ್ಕೆ ಬಂದಿದ್ದರೆ ಬೆಳಿಗ್ಗೆ ಚೆನ್ನಾಗಿ ನೀರು ಹರಿಸಿ, ಪೂರ್ತಿ ಸೋರಿದ ಮೇಲೆ ಒಳಗಿಡ್ತೀನಿ. ಮಾರ್ಚಿನಲ್ಲಿ ನಾಲ್ಕೈದು ದಿನಕ್ಕೊಮ್ಮೆ ಬೇಕಾಯಿತು. ಹೋದ ಆಗಸ್ಟಲ್ಲಿ ಹನ್ನೆರಡು ದಿನ ಹನಿ ನೀರು ಕೊಟ್ಟಿರಲಿಲ್ಲ.

ಅಂಗಡಿಯಲ್ಲಿ ಕೊಳ್ಳುವಾಗ, ಚೆಂದದ ಹೊರ ಕುಂಡದೊಳಗೆ ಇನ್ನೊಂದು ಕುಂಡ ಇದ್ದರೆ ಅದನ್ನು ಎತ್ತಿ ತೋರಿಸಿ ಅಂತ ಕೇಳಿ. ಬುಡ ಅಲ್ಲಾಡುತ್ತಾ ನೋಡಿ. ಅವರು ಮುಖ ಸಿಂಡರಿಸಿದರೆ ಸಿಂಡರಿಸಲಿ, ದುಡ್ಡು ನಿಮ್ಮದು.

ಅಕ್ಟೋಬರಲ್ಲಿ ಬುಡದಿಂದ ಒಂದು ಹೊಸ ಬೇರು ಇಣುಕಿತು, ತುದಿಯಲ್ಲಿ ಎಳೆ ಹಸಿರು. ಈಗ ನಾಲ್ಕು ಬೇರಾಗಿವೆ, ಒಂದು ಹೊಸ ಎಲೆಯೂ ಬಂದಿದೆ, ನುಣ್ಣಗೆ. ಹಳೆ ಎಲೆಗಳ ಸುಕ್ಕು ಮಾತ್ರ ಹೋಗಿಲ್ಲ. ಹೂವು ಇನ್ನೂ ಇಲ್ಲ.