ಹಾಲುಬಾಯಿ ಕೊಯ್ದ ಚಾಕು, ಅದನ್ನು ಒರೆಸಿದ ಬಟ್ಟೆ

ನಮ್ಮನೆ ಅಡುಗೆಮನೆ ಗಲೀಜು ಅಂತ ಇವತ್ತಿನವರೆಗೆ ಯಾರೂ ಹೇಳಿಲ್ಲ. ಹಾಲು ಒಂದು ಹನಿ ಚೆಲ್ಲಿದರೆ ಅದು ಹರಡುವ ಮೊದಲೇ ನನ್ನ ಕೈಯಲ್ಲಿ ಬಟ್ಟೆ ಇರುತ್ತದೆ. ಮಾತಾಡ್ತಾ ಮಾತಾಡ್ತಾ ಕಟ್ಟೆ ಒರೆಸುತ್ತಿರುತ್ತೇನೆ, ಫೋನಿನಲ್ಲಿದ್ದರೂ ಒರೆಸುತ್ತಿರುತ್ತೇನೆ. ಹೋದ ಆಷಾಢದಲ್ಲಿ ಮನೆಗೆ ಬಂದ ನೆಂಟರನ್ನೆಲ್ಲ ಮಲಗಿಸಿದ್ದು ನನ್ನ ಈ ಒರೆಸುವ ಚಟವೇ. ಮಳೆ ಮತ್ತೆ ಹಿಡಿಯುವ ಮೊದಲು ಬರೆದುಬಿಡೋಣ ಅಂತ ಕೂತಿದ್ದೇನೆ.

ನಾವಿರುವುದು ತೀರ್ಥಹಳ್ಳಿ ಕಡೆ. ಆಷಾಢದಲ್ಲಿ ಇಲ್ಲಿ ಬಟ್ಟೆ ಒಣಗುವುದು ಅಂದರೆ ಏನು ಅಂತ ಘಟ್ಟದ ಮೇಲಿನವರಿಗೆ ವಿವರಿಸಬೇಕಾಗಿಲ್ಲ. ಬೆಳಿಗ್ಗೆ ತಂತಿಗೆ ಹಾಕಿದ್ದು ರಾತ್ರಿ ತೆಗೆಯುವಾಗ ಇನ್ನೂ ಒದ್ದೆ. ಒಂದು ಭಾನುವಾರ ತಂಗಿಯ ಸಂಸಾರ, ನಾದಿನಿಯ ಸಂಸಾರ ಎರಡೂ ಬಂದಿದ್ದವು. ನಾವು ನಾಲ್ವರು ಸೇರಿ ಹನ್ನೆರಡು ಜನ. ಹಾಲುಬಾಯಿ ಮಾಡು ಅಂತ ತಂಗಿ ಹಿಂದಿನ ದಿನವೇ ಹೇಳಿಟ್ಟಿದ್ದಳು.

ಅದರ ಹಿಂದಿನ ದಿನ ಇನ್ನೊಂದು ಸಣ್ಣ ವಿಷಯ ನಡೆದಿತ್ತು. ಮೆಟ್ಟುಗತ್ತಿಯಲ್ಲಿ ಹೆಬ್ಬೆರಳು ಕೊಯ್ದುಕೊಂಡಿದ್ದೆ. ದೊಡ್ಡದೇನಲ್ಲ. ಅರಿಶಿನ ಒತ್ತಿ, ಬ್ಯಾಂಡೇಡ್ ಸುತ್ತಿ ಕೆಲಸಕ್ಕೆ ಇಳಿದೆ. ನೀರಿನ ಕೆಲಸ ತಪ್ಪುತ್ತದೆಯೇ? ಭಾನುವಾರದ ಹೊತ್ತಿಗೆ ಪಟ್ಟಿ ನೆನೆದು ಬಿಳಿಚಿ, ಗಾಯದ ಅಂಚು ಸ್ವಲ್ಪ ಕೀವು ಕಟ್ಟಿದ ಹಾಗಿತ್ತು. ನಾನು ಗಮನಿಸಿದೆ, ಮತ್ತೆ ಮರೆತೆ.

ಅಕ್ಕಿ, ತೆಂಗಿನಕಾಯಿ ರುಬ್ಬಿ, ಬೆಲ್ಲ ಹಾಕಿ ಕಾಸಿ, ತುಪ್ಪ ಸವರಿದ ತಟ್ಟೆಗೆ ಹೊಯ್ದಾಗ ಬೆಳಿಗ್ಗೆ ಒಂಬತ್ತೂವರೆ. ಹತ್ತು ಗಂಟೆಗೆ, ಇನ್ನೂ ಬೆಚ್ಚಗಿರುವಾಗಲೇ, ಕೊಯ್ಯಲು ಕೂತೆ. ಹಾಲುಬಾಯಿ ಕೊಯ್ದವರಿಗೆ ಗೊತ್ತು, ಒಂದು ಗೆರೆ ಎಳೆದರೆ ಚಾಕುವಿಗೆ ಮೆತ್ತಿಕೊಳ್ಳುತ್ತದೆ, ಒರೆಸದೆ ಎರಡನೇ ಗೆರೆ ನೀಟಾಗಿ ಬರುವುದಿಲ್ಲ. ಎಡಗೈಯಲ್ಲಿ ಒದ್ದೆ ಬಟ್ಟೆ, ಬಲಗೈಯಲ್ಲಿ ಚಾಕು. ಗೆರೆ ಎಳೆ, ಒರೆಸು. ಗೆರೆ ಎಳೆ, ಒರೆಸು. ಮೂರು ತಟ್ಟೆ ಹಾಗೇ ಮುಗಿಸಿದೆ. ಮೇಲೆ ಗಟ್ಟಿಯಾಗಬಾರದು ಅಂತ ಮುಚ್ಚಿ ಒಲೆಯ ಪಕ್ಕದಲ್ಲೇ ಇಟ್ಟೆ. ತಿಂದದ್ದು ಸಂಜೆ ಐದೂವರೆಗೆ, ಕಾಫಿ ಜೊತೆ.

ಆ ಬಟ್ಟೆಯ ಕಥೆಯನ್ನೂ ಹೇಳಬೇಕು. ಸೂಪರ್ ಮಾರ್ಕೆಟ್ಟಿನಲ್ಲಿ ಆರರ ಕಟ್ಟು ಅಂತ ತಂದ ದಪ್ಪ ಟರ್ಕಿ ಟವೆಲಿನ ಜಾತಿಯದು. ನೋಡಲು ಬಲು ಚೆಂದ, ನೀರು ಚೆನ್ನಾಗಿ ಹೀರುತ್ತದೆ. ಹೀರಿದ್ದನ್ನು ಬಿಡುವುದಿಲ್ಲ, ಅದು ಆಮೇಲೆ ತಿಳಿಯಿತು. ಮೂರು ದಿನದಿಂದ ಒಂದೇ ತುಂಡು ನಲ್ಲಿಯ ಕುತ್ತಿಗೆಗೆ ನೇತಾಡುತ್ತಿತ್ತು. ಅದರಲ್ಲೇ ಕಟ್ಟೆ, ಅದರಲ್ಲೇ ಕೈ, ಅದರಲ್ಲೇ ಮಿಕ್ಸಿ ಜಾರು, ಅದರಲ್ಲೇ ತೊಳೆದ ತಟ್ಟೆ. ನನ್ನ ಕೀವಾದ ಹೆಬ್ಬೆರಳನ್ನೂ ಅದಕ್ಕೇ ಎಷ್ಟು ಸಲ ಒತ್ತಿದ್ದೆನೋ. ಒಂಥರಾ ಹುಳಿ ಮುಗ್ಗು ವಾಸನೆ ಬರುತ್ತಿತ್ತು. ಮಳೆಗಾಲದ ವಾಸನೆ ಅಂದುಕೊಂಡಿದ್ದೆ. ದಿನಕ್ಕೆರಡು ಸಲ ಸಾಬೂನು ನೀರಲ್ಲಿ ಹಿಂಡುತ್ತಿದ್ದೆನಲ್ಲ, ಮತ್ತೇನು ಮಾಡಬೇಕು?

ಎಂಟು ಗಂಟೆಗೆ ತಂಗಿಯ ಕಿರಿಯವಳು, ಆಗ ನಾಲ್ಕು ವರ್ಷದ ಕೂಸು, ಮೊದಲು ಕಾರಿದಳು. ಓಡಿಯಾಡಿ ಆಗಿದೆ ಅಂದುಕೊಂಡೆವು. ಕಾಲು ಗಂಟೆಯಲ್ಲಿ ನಾದಿನಿಯ ಗಂಡ. ಆಮೇಲೆ ಸಾಲು ಹಚ್ಚಿತು. ಒಂಬತ್ತೂವರೆಯ ಹೊತ್ತಿಗೆ ಹನ್ನೆರಡರಲ್ಲಿ ಒಂಬತ್ತು ಜನ, ನನ್ನನ್ನೂ ಸೇರಿಸಿ. ಮನೆಯಲ್ಲಿರುವುದು ಎರಡು ಬಚ್ಚಲು, ಹೊರಗೆ ಧೋ ಅಂತ ಮಳೆ, ಕರೆಂಟಿಲ್ಲ. ಇದಕ್ಕಿಂತ ಹೆಚ್ಚು ವರ್ಣನೆ ಬೇಡ. ಜೀಪಿನಲ್ಲಿ ಪೇಟೆಯ ನರ್ಸಿಂಗ್ ಹೋಮಿಗೆ ಎರಡು ಟ್ರಿಪ್ಪು ಹೊಡೆಯಬೇಕಾಯಿತು. ಕೂಸಿಗೆ ರಾತ್ರಿಯಿಡೀ ಡ್ರಿಪ್ ಹಾಕಿದರು. ಅಂಗೈ ಅಗಲದ ಕೈಗೆ ಸೂಜಿ ಚುಚ್ಚುವಾಗ ಅವಳು ನನ್ನನ್ನೇ ನೋಡುತ್ತಿದ್ದಳು.

ಅಲ್ಲಿದ್ದ ಡಾಕ್ಟ್ರು ಕೇಳಿದ ಮೊದಲ ಪ್ರಶ್ನೆ, ಏನು ತಿಂದಿರಿ ಅನ್ನುವುದಲ್ಲ. ತಿಂದು ಎಷ್ಟು ಹೊತ್ತಿಗೆ ಶುರುವಾಯಿತು ಅಂತ. ಎರಡೂವರೆ ಗಂಟೆ ಅಂದೆವು. ಎರಡನೇ ಪ್ರಶ್ನೆ: ಮನೆಯಲ್ಲಿ ಚೆನ್ನಾಗಿರುವವರು ಯಾರು? ಮೂವರು. ನಮ್ಮತ್ತೆಗೆ ಸಕ್ಕರೆ ಕಾಯಿಲೆ, ಸಿಹಿ ಮುಟ್ಟುವುದಿಲ್ಲ. ನಾದಿನಿಯ ಮಗನಿಗೆ ಕುರುಕಲು ಬಿಟ್ಟು ಬೇರೆ ತಿಂಡಿ ಸೇರುವುದಿಲ್ಲ. ನನ್ನ ಯಜಮಾನರು ಮಳೆ ಹೊಳವಾಯಿತು ಅಂತ ತೋಟಕ್ಕೆ ಬೋರ್ಡೋ ಔಷಧಿ ಹೊಡೆಸಲು ಹೋಗಿದ್ದರು, ಬರುವಷ್ಟರಲ್ಲಿ ತಟ್ಟೆ ಖಾಲಿ. ಮಧ್ಯಾಹ್ನದ ಊಟ ಮೂವರೂ ಮಾಡಿದ್ದರು, ತಿನ್ನದೆ ಇದ್ದದ್ದು ಹಾಲುಬಾಯಿ ಮಾತ್ರ. ಡಾಕ್ಟ್ರು ಆಗ ನನ್ನ ಹೆಬ್ಬೆರಳು ನೋಡಿದರು. "ಸಿಹಿ ಕೊಯ್ದವರು ನೀವೇನಾ?" ಅಂದರು.

ಅವರು ಹೇಳಿದ್ದು ಇಷ್ಟು. ಕೀವಾದ ಗಾಯ, ಮೂಗು, ಚರ್ಮ, ಇಲ್ಲೆಲ್ಲ ಸ್ಟೆಫೈಲೋಕಾಕಸ್ ಅನ್ನುವ ಬ್ಯಾಕ್ಟೀರಿಯಾ ಇರುತ್ತದೆ. ಅದು ಬೆಂದ ಪದಾರ್ಥಕ್ಕೆ ಬಿದ್ದು, ಪದಾರ್ಥ ಬೆಚ್ಚಗೆ ಗಂಟೆಗಟ್ಟಲೆ ಕೂತರೆ, ಅಲ್ಲೇ ಬೆಳೆದು ವಿಷ ಬಿಡುತ್ತದೆ. ತಿಂದ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ವಾಂತಿ. ಆ ವಿಷಕ್ಕೆ ವಾಸನೆ ಇಲ್ಲ, ರುಚಿ ಇಲ್ಲ, ಮತ್ತೆ ಬಿಸಿ ಮಾಡಿದರೆ ಬ್ಯಾಕ್ಟೀರಿಯಾ ಸಾಯಬಹುದು, ವಿಷ ಹೋಗುವುದಿಲ್ಲ. ಉಳಿದ ಹಾಲುಬಾಯಿಯನ್ನು ಲ್ಯಾಬಿಗೆ ಯಾರೂ ಕಳಿಸಲಿಲ್ಲ, ಉಳಿದಿರಲೇ ಇಲ್ಲ. ಹಾಗಾಗಿ ಇದು ಕೋರ್ಟಿನಲ್ಲಿ ನಿಲ್ಲುವ ಸಾಕ್ಷಿಯಲ್ಲ. ನನಗೆ ಮಾತ್ರ ಸಂಶಯ ಉಳಿದಿಲ್ಲ.

ಆದರೂ ಮನುಷ್ಯರ ಬುದ್ಧಿ ನೋಡಿ. ಮನೆಗೆ ಬಂದವಳು ಮೊದಲು ಬೈದದ್ದು ಬೆಲ್ಲದ ಅಂಗಡಿಯವನನ್ನು. ಆಮೇಲೆ ಪಾತ್ರೆ ತೊಳೆಯಲು ಬರುವವಳನ್ನು ಕರೆದು, ತಟ್ಟೆ ಸರಿಯಾಗಿ ತಿಕ್ಕಿದ್ದೆಯಾ ಅಂತ ವಿಚಾರಣೆ. ಅವಳು ನಿಧಾನವಾಗಿ ಹೇಳಿದಳು: "ಅಮ್ಮಾ, ತಟ್ಟೆ ನಾನು ತಿಕ್ಕಿದ್ದು ಹೌದು. ಒರೆಸಿದ್ದು ನೀವು. ಆ ಬಟ್ಟೆ ನಿಮ್ಮ ಕೈಯಿಂದ ಇಳಿದೇ ಇರಲಿಲ್ಲ." ನನಗೆ ಮಾತು ಹೊರಡಲಿಲ್ಲ. ಆಮೇಲೆ ಅವಳ ಕ್ಷಮೆ ಕೇಳಿದೆ ಅನ್ನುವುದನ್ನೂ ಇಲ್ಲೇ ಬರೆದಿಡುತ್ತೇನೆ.

ಎರಡನೇ ತಪ್ಪು ಇನ್ನೂ ಇದೆ. ಬಟ್ಟೆಯ ಸಹವಾಸವೇ ಬೇಡ ಅಂತ ಆರೂ ಟವೆಲನ್ನು ಒಲೆಗೆ ಹಾಕಿ, ಹಳದಿ-ಹಸಿರು ಸ್ಪಂಜ್ ತಂದೆ. ದಿನ ಬಿಟ್ಟು ದಿನ ಕುದಿಸಿದರೆ ಆಯಿತಲ್ಲ ಅಂತ ಧೈರ್ಯ. ಕುದಿಸಿ, ಸಿಂಕಿನ ಪಕ್ಕದ ಸೋಪಿನ ಡಬ್ಬಿಯಲ್ಲಿ ಒದ್ದೆಯಾಗಿಯೇ ಇಡುತ್ತಿದ್ದೆ. ವಾರದಲ್ಲಿ ಅದೇ ಹಳೆಯ ಹುಳಿ ವಾಸನೆ! ಈ ಸಲ ಮಗನನ್ನು ಕೂರಿಸಿ ಇಂಟರ್ನೆಟ್ಟಿನಲ್ಲಿ ಹುಡುಕಿಸಿದೆ. ಜರ್ಮನಿಯ ಫುರ್ಟ್‌ವಾಂಗೆನ್ ವಿಶ್ವವಿದ್ಯಾಲಯದವರು 2017ರಲ್ಲಿ, ಮನೆಗಳಲ್ಲಿ ಬಳಸಿದ 14 ಸ್ಪಂಜ್ ತಂದು ನೋಡಿದ್ದಾರೆ. ಕೆಲವು ಕಡೆ ಒಂದು ಘನ ಸೆಂಟಿಮೀಟರಿಗೆ 5,400 ಕೋಟಿಯವರೆಗೆ ಬ್ಯಾಕ್ಟೀರಿಯಾ. ಎಲ್ಲವೂ ಕಾಯಿಲೆಯವಲ್ಲ. ಆದರೆ ನನ್ನನ್ನು ತಟ್ಟಿದ್ದು ಬೇರೆ ಮಾತು: ನಾವು ಸ್ಪಂಜನ್ನು ಆಗಾಗ ಕುದಿಸುತ್ತೇವೆ, ಮೈಕ್ರೋವೇವಿನಲ್ಲಿ ಇಡುತ್ತೇವೆ ಅಂದವರ ಸ್ಪಂಜಿನಲ್ಲೂ ಸಂಖ್ಯೆ ಕಡಿಮೆ ಇರಲಿಲ್ಲ. ಅಲ್ಲಿ ಹೆಚ್ಚು ಸಿಕ್ಕವುಗಳಲ್ಲಿ ಮೊರಾಕ್ಸೆಲ್ಲಾ ಅನ್ನುವುದೂ ಒಂದು. ಒದ್ದೆ ಬಟ್ಟೆಗೆ ಮುಗ್ಗು ವಾಸನೆ ತರುವುದೂ ಅದೇ. ನಾನು ಮಳೆಗಾಲದ ತಲೆಗೆ ಕಟ್ಟಿದ್ದ ವಾಸನೆ!

ಹಾಗಂತ ಕುದಿಸುವುದು ಸುಳ್ಳಲ್ಲ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 2007ರಲ್ಲಿ ನೋಡಿದಾಗ, ಒದ್ದೆ ಸ್ಪಂಜನ್ನು ಒಂದು ನಿಮಿಷ ಮೈಕ್ರೋವೇವಿನಲ್ಲಿಟ್ಟರೆ ಶೇ. 99.99999ರಷ್ಟು ಸತ್ತಿದ್ದವು. ಎರಡೂ ನಿಜ ಹೇಗೆ ಅಂದರೆ, ಪ್ರಯೋಗಾಲಯದಲ್ಲಿ ಕೊಂದ ತಕ್ಷಣ ಎಣಿಸುತ್ತಾರೆ, ನಾವು ಕೊಂದಮೇಲೆ ಮತ್ತೆ ಅನ್ನದ ಅಗುಳು, ಜಿಡ್ಡು, ನೀರು ಕೊಟ್ಟು ಸಾಕುತ್ತೇವೆ. ಉಳಿದ ನಾಲ್ಕು ಕಾಳು ಸಾಕು. (ಮೈಕ್ರೋವೇವ್ ಮಾಡುವವರಿಗೆ: ಒಣ ಸ್ಪಂಜ್ ಹೊತ್ತಿಕೊಳ್ಳುತ್ತದೆ, ಸ್ಟೀಲ್ ಜುಂಗು ಕಿಡಿ ಹಾರಿಸುತ್ತದೆ. ನಮ್ಮ ಪಕ್ಕದ ಮನೆಯಲ್ಲಿ ಹೊಗೆ ಬಂದದ್ದು ನಾನೇ ನೋಡಿದ್ದೇನೆ.)

ಮಾರಿಷಸ್ ವಿಶ್ವವಿದ್ಯಾಲಯದವರದು ನನ್ನ ಕಥೆಗೆ ಇನ್ನೂ ಹತ್ತಿರ. ಒಂದು ತಿಂಗಳು ಬಳಸಿದ 100 ಅಡುಗೆಮನೆ ಟವೆಲ್ ತಪಾಸಣೆ ಮಾಡಿ 2018ರಲ್ಲಿ ವರದಿ ಕೊಟ್ಟರು. 49ರಲ್ಲಿ ಬ್ಯಾಕ್ಟೀರಿಯಾ ಬೆಳೆದಿತ್ತು. ಒಂದೇ ಕೆಲಸಕ್ಕೆ ಬಳಸಿದ್ದಕ್ಕಿಂತ ಹತ್ತು ಕೆಲಸಕ್ಕೆ ಬಳಸಿದ್ದರಲ್ಲಿ, ಒಣಗಿದ್ದಕ್ಕಿಂತ ಒದ್ದೆಯದರಲ್ಲಿ ಹೆಚ್ಚು. ನನ್ನದು ಎರಡೂ ಆಗಿತ್ತು.

ಅತ್ತೆ ಇದನ್ನೆಲ್ಲ ಕೇಳಿ, "ಅದಕ್ಕೆ ಮಾರಿಷಸ್ಸಿಗೆ ಯಾಕೆ ಹೋಗಬೇಕಿತ್ತು ಮಾರಾಯ್ತಿ, ನಾನು ಮದುವೆಯಾಗಿ ಬಂದಾಗಲೇ ಮುಸುರೆ ಬಟ್ಟೆ ಬೇರೆ, ಊಟದ ತಟ್ಟೆಯ ಬಟ್ಟೆ ಬೇರೆ ಇತ್ತು" ಅಂದರು. ಸರಿ. ಆದರೆ ಅವರ ಕಾಲದ ಮಸಿಬಟ್ಟೆಯನ್ನು ನಾನೂ ಕಂಡಿದ್ದೇನೆ. ಅದನ್ನು ಗೋಡೆಗೆ ಒರಗಿಸಿದರೆ ತಾನಾಗೇ ನಿಲ್ಲುತ್ತಿತ್ತು. ಅವರಲ್ಲಿ ನನಗೆ ಬೇಕಾದದ್ದು ತೆಂಗಿನ ನಾರು ಮತ್ತು ಒಲೆ. ಪಾತ್ರೆ ತಿಕ್ಕಲು ಈಗ ನಾರೇ. ನೀರು ಹಿಡಿದಿಟ್ಟುಕೊಳ್ಳುವುದಿಲ್ಲ, ಕೊಡವಿದರೆ ಬೇಗ ಒಣಗುತ್ತದೆ, ನಾಲ್ಕು ದಿನಕ್ಕೆ ಒಂದು ಹಿಡಿ ಎಸೆದರೆ ಖರ್ಚಿಲ್ಲ. ನಾನ್‌ಸ್ಟಿಕ್ ಬಾಣಲೆಗೆ ಮತ್ತು ಬಾಟಲಿಗೆ ಮಾತ್ರ ಹಿಡಿ ಇರುವ ಬ್ರಶ್ಶು, ಅದೂ ತಲೆಕೆಳಗಾಗಿ ನೇತಾಡುತ್ತದೆ. ಬ್ರಶ್ಶು ಒಣಗುವುದರಿಂದ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಸ್ಪಂಜಿನಲ್ಲಿ ಬದುಕುವಷ್ಟು ಅದರಲ್ಲಿ ಬದುಕುವುದಿಲ್ಲ ಅಂತ ನಾರ್ವೆಯವರು ತೋರಿಸಿದ್ದಾರೆ. ಪೇಟೆಯಲ್ಲಿದ್ದು ಸ್ಪಂಜೇ ಬೇಕು ಅನ್ನುವವರು ಅಗ್ಗದ್ದು ತಂದು ವಾರಕ್ಕೊಮ್ಮೆ ಎಸೆಯಿರಿ, ಬಳಸುವಷ್ಟು ದಿನ ಹಿಂಡಿ ನಿಲ್ಲಿಸಿಡಿ. ಡಬ್ಬಿಯೊಳಗೆ ಮಲಗಿಸಬೇಡಿ. ಆಂಟಿಬ್ಯಾಕ್ಟೀರಿಯಲ್ ಅಂತ ಬರೆದದ್ದಕ್ಕೆ ಹತ್ತು ರೂಪಾಯಿ ಜಾಸ್ತಿ ಕೊಡುವ ಬದಲು ಆ ದುಡ್ಡಿಗೆ ಇನ್ನೊಂದು ಸ್ಪಂಜ್ ತನ್ನಿ.

ಒರೆಸಲು ಯಜಮಾನರ ಹಳೇ ಪಂಚೆ ಹರಿದು ಹನ್ನೆರಡು ತುಂಡು ಮಾಡಿದೆ. ತೆಳು ಹತ್ತಿಯಾದ್ದರಿಂದ ಹಿಂಡಿ ಹರವಿದರೆ ಮಧ್ಯಾಹ್ನಕ್ಕೆ ಒಣಗಿರುತ್ತದೆ. ಹಳೇ ಸೀರೆ ಹರಿಯುವವರು ನೈಲಾನ್ ಕಲಸಿದ್ದನ್ನು ತೆಗೆದುಕೊಳ್ಳಬೇಡಿ, ಅದು ನೀರನ್ನು ಹೀರುವುದಿಲ್ಲ, ಬರೀ ಸವರುತ್ತದೆ. ಅಂಚಿಗೆ ಬಣ್ಣದ ದಾರ: ಕೆಂಪು ಕೈಗೆ, ಹಸಿರು ಕಟ್ಟೆಗೆ, ಬಿಳಿ ತೊಳೆದ ಪಾತ್ರೆಗೆ. ಬಿಳಿಯದು ಬೇರೆ ಏನನ್ನೂ ಮುಟ್ಟುವ ಹಾಗಿಲ್ಲ. ನಿಜ ಹೇಳಬೇಕೆಂದರೆ ಬಿಳಿಯದರ ಕೆಲಸವೇ ಈಗ ಕಡಿಮೆ, ಪಾತ್ರೆ ಬುಟ್ಟಿಯಲ್ಲಿ ಕವುಚಿಟ್ಟರೆ ತಾನೇ ಒಣಗುತ್ತದೆ, ಒರೆಸುವ ಗೋಜೇ ಇಲ್ಲ. ನೆಲದ ಬಟ್ಟೆಯ ಬಕೆಟ್ಟೇ ಬೇರೆ. ರಾತ್ರಿ ಆ ದಿನದ್ದೆಲ್ಲ ಹಳೇ ಪಾತ್ರೆಯಲ್ಲಿ ಸೋಪು ಹಾಕಿ ಹತ್ತು ನಿಮಿಷ ಕುದಿಸಿ, ಜಾಲಿಸಿ, ಬಚ್ಚಲ ಹಂಡೆ ಒಲೆಯ ಮೇಲೆ ಕಟ್ಟಿದ ಗಳಕ್ಕೆ. ಒಣಗದ್ದು ಮಾರನೇ ದಿನ ಅಡುಗೆಮನೆಗೆ ಬರುವುದಿಲ್ಲ. ಹಂಡೆ ಒಲೆ ಇಲ್ಲದವರು ಫ್ಯಾನಿನ ಕೆಳಗೆ ಹರವಿ, ಇಲ್ಲವೇ ಇಸ್ತ್ರಿ ಎಳೆಯಿರಿ. ಬ್ಲೀಚ್ ಹಾಕುವವರಿದ್ದರೆ, ಅದರ ಜೊತೆ ವಿನೆಗರನ್ನಾಗಲಿ ಬಚ್ಚಲು ತೊಳೆಯುವ ಆ್ಯಸಿಡ್ಡನ್ನಾಗಲಿ ಸೇರಿಸಬೇಡಿ, ಕ್ಲೋರಿನ್ ಅನಿಲ ಎದ್ದು ಉಸಿರು ಕಟ್ಟುತ್ತದೆ.

ಕೈಗೆ ಗಾಯವಾದವರು ಅಡುಗೆಮನೆಯಿಂದ ಹೊರಗೆ. ಅನಿವಾರ್ಯವಾದರೆ ಪಟ್ಟಿಯ ಮೇಲೆ ಗ್ಲೌಸು. ಈ ಕಾಯಿದೆ ಬಂದಮೇಲೆ ನಮ್ಮ ಮಗನ ಬೆರಳಿಗೆ ಬ್ಯಾಂಡೇಡ್ ಬೀಳುವುದು ಜಾಸ್ತಿಯಾಗಿದೆ, ಮುಖ್ಯವಾಗಿ ತೆಂಗಿನಕಾಯಿ ಸುಲಿಯುವ ದಿನ.

ಮೊನ್ನೆ ಯುಗಾದಿಗೆ ತಂಗಿ ಬಂದಿದ್ದಳು. ಹಾಲುಬಾಯಿ ಮತ್ತೆ ಮಾಡಿದೆ, ಬಂದವರ ಎದುರೇ ಕೊಯ್ದೆ, ಕೊಯ್ದ ಗಂಟೆಯೊಳಗೆ ಬಡಿಸಿದೆ. ಐದು ವರ್ಷದವಳು ಕಟ್ಟೆಯ ಮೇಲೆ ಗಲ್ಲ ಊರಿ ನಿಂತು ನೋಡುತ್ತಿದ್ದಳು.

"ದೊಡ್ಡಮ್ಮಾ, ಚಾಕು ಯಾವ ಬಟ್ಟೇಲಿ ಒರೆಸ್ತೀಯ?"

ಒರೆಸುವುದಿಲ್ಲ ಅಂದೆ. ಪಕ್ಕದಲ್ಲಿ ಲೋಟದ ತುಂಬ ಕುದಿನೀರಿತ್ತು. ಗೆರೆ ಎಳೆದು ಅದ್ದುವುದು, ಕೊಡವುವುದು, ಮತ್ತೊಂದು ಗೆರೆ. ಒರೆಸಿ ಕೊಯ್ದದ್ದಕ್ಕಿಂತ ಅಂಚು ನೀಟಾಗಿ ಬಂತು. ಅವಳು ಅಮ್ಮ ಒಂದು ತುಂಡು ತಿನ್ನುವವರೆಗೆ ಕಾದು, ಆಮೇಲೆ ಎರಡು ತಗೊಂಡಳು.