ಎಕ್ವಿಪ್‌ಮೆಂಟ್ ರೂಮಿಗೆ ಫ್ರೀ ಕೂಲಿಂಗ್ ಯೂನಿಟ್: ಮಳೆ, ಬೇಸಿಗೆ ಎಲ್ಲ ಕಂಡ ಮೇಲೆ ನನ್ನ ಅಭಿಪ್ರಾಯ

ಹಾಸನ, ಮೈಸೂರು, ಬೆಂಗಳೂರು ಕಡೆ ನಿಮ್ಮ ಎಕ್ವಿಪ್‌ಮೆಂಟ್ ರೂಮಿದ್ದರೆ ಹೊರಗಿನ ತಂಪು ಗಾಳಿಯಿಂದಲೇ ರೂಮ್ ತಂಪು ಮಾಡುವ ಈ ಫ್ರೀ ಕೂಲಿಂಗ್ ಯೂನಿಟ್ಟನ್ನು ಧೈರ್ಯವಾಗಿ ತಗೊಳ್ಳಿ. ಫಿಲ್ಟರ್ ತೊಳೆಯುವುದಕ್ಕೆ ಜನ ಇಲ್ಲ ಅಂದರೆ ಮಾತ್ರ ಬೇಡ. ಕಂಪನಿ ಹೆಸರು ಬರೆಯುತ್ತಿಲ್ಲ. ಇದೇ ಥರದ ಯೂನಿಟ್ ಹಲವರು ಮಾಡುತ್ತಾರೆ, ನಾನು ಹೇಳುವುದು ಬಹುಮಟ್ಟಿಗೆ ಎಲ್ಲದಕ್ಕೂ ಹೊಂದುತ್ತದೆ.

ನಮ್ಮದು ಹಾಸನದಲ್ಲಿ ಕೇಬಲ್ ಮತ್ತು ಬ್ರಾಡ್‌ಬ್ಯಾಂಡ್ ಕೆಲಸ. ರೂಮಿನಲ್ಲಿ ಓಎಲ್‌ಟಿ (ಮನೆಮನೆಗೆ ಫೈಬರ್ ಇಂಟರ್ನೆಟ್ ಹಂಚುವ ಯಂತ್ರ), ಸ್ವಿಚ್‌ಗಳು, ರೆಕ್ಟಿಫೈಯರ್ (ಲೈನ್ ಕರೆಂಟನ್ನು ಡಿಸಿ ಮಾಡುವುದು), 48 ವೋಲ್ಟ್ ಬ್ಯಾಟರಿ ಬ್ಯಾಂಕ್ ಇವೆ. ಎಲ್ಲ ಸೇರಿ ಸುಮಾರು 3 ಕಿಲೋವ್ಯಾಟ್ ಶಾಖ, ಹಗಲು ರಾತ್ರಿ ಒಂದೇ ಸಮ. ಮೊದಲು 1.5 ಟನ್ನಿನ ಎರಡು ಏಸಿ ಪಾಳಿ ಮೇಲೆ ಓಡುತ್ತಿದ್ದವು. ಡಿಸೆಂಬರ್ ರಾತ್ರಿ ನಾವು ಸ್ವೆಟರ್ ಹಾಕಿಕೊಂಡು ಹೊರಗೆ ನಿಂತಿರುತ್ತೇವೆ, ಪಕ್ಕದಲ್ಲೇ ಏಸಿಯ ಔಟ್‌ಡೋರ್ ಯೂನಿಟ್ ಗುಂಯ್ ಅನ್ನುತ್ತಿರುತ್ತದೆ. ಹೊರಗೆ ಬೇಕಾದಷ್ಟು ತಂಪು ಇರುವಾಗ ಕರೆಂಟ್ ಸುಟ್ಟು ತಂಪು ಮಾಡುವುದು ಯಾಕೆ, ಅಲ್ವಾ?

ಯೂನಿಟ್ ಮಾಡುವ ಕೆಲಸ ಸರಳ. ಹೊರಗಿನ ಗಾಳಿಯನ್ನು ಫಿಲ್ಟರ್ ಮೂಲಕ ಎಳೆದು ರ‍್ಯಾಕ್‌ಗಳ ಮುಂದೆ ಕೆಳಗಡೆ ಬಿಡುತ್ತದೆ. ಬಿಸಿ ಗಾಳಿ ಹಿಂದಿನ ಗೋಡೆಯ ಮೇಲ್ಭಾಗದ ಲೂವರ್‌ನಿಂದ (ಪಟ್ಟಿಗಳಿರುವ ಕಿಂಡಿ) ಆಚೆ ಹೋಗುತ್ತದೆ. ಹೊರಗೆ ಬಿಸಿ ಏರಿದರೆ ಡ್ಯಾಂಪರ್, ಅಂದರೆ ಗಾಳಿ ಬರುವ ದಾರಿಯ ಬಾಗಿಲು, ಮುಚ್ಚಿ, ಏಸಿ ಆನ್ ಆಗುತ್ತದೆ. ಒಳಗಿಗಿಂತ ಹೊರಗೆ 5 ಡಿಗ್ರಿ ತಂಪಿದ್ದರೆ 3 ಕಿಲೋವ್ಯಾಟ್ ಶಾಖ ಹೊರಹಾಕಲು ಗಂಟೆಗೆ ಸುಮಾರು 1800 ಘನ ಮೀಟರ್ ಗಾಳಿ ಬೇಕು. ವ್ಯತ್ಯಾಸ 10 ಡಿಗ್ರಿ ಆದರೆ ಅದರ ಅರ್ಧ ಸಾಕು. ಇಲ್ಲೇ ಇರುವುದು ನಿಜವಾದ ಉಳಿತಾಯ. ಫ್ಯಾನ್ ವೇಗ ಅರ್ಧಕ್ಕೆ ಇಳಿದರೆ ಅದು ತಿನ್ನುವ ಕರೆಂಟ್, ಲೆಕ್ಕದ ಪ್ರಕಾರ, ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ವೇಗ ತಾನಾಗಿ ಬದಲಾಗುವ ಇಸಿ ಮೋಟರಿನ ಫ್ಯಾನೇ ಇರಲಿ, ಬರೀ ಆನ್-ಆಫ್ ಫ್ಯಾನ್ ಬೇಡ. ನಮ್ಮದು ಪೂರ್ತಿ ವೇಗದಲ್ಲೂ 200 ವ್ಯಾಟ್ ದಾಟುವುದಿಲ್ಲ. ಏಸಿ ಕಂಪ್ರೆಸರ್ ಓಡುವಾಗ ಒಂದೂವರೆ ಕಿಲೋವ್ಯಾಟ್ ಹತ್ತಿರ ಎಳೆಯುತ್ತಿತ್ತು.

ಆದರೆ ಸೆಟ್ಟಿಂಗ್ ಸರಿ ಇಲ್ಲದಿದ್ದರೆ ಇದೆಲ್ಲ ದಂಡ. ಫಿಟ್ ಮಾಡಲು ಬಂದವರು ಏಸಿಯನ್ನು 22ರಲ್ಲೇ ಬಿಟ್ಟು ಹೋಗಿದ್ದರು. ಹಾಗಿದ್ದರೆ ಫ್ಯಾನಿಗೆ ಕೆಲಸವೇ ಸಿಗುವುದಿಲ್ಲ. ಉಪಕರಣಗಳಿಗೆ 22 ಬೇಕಾಗಿಯೂ ಇಲ್ಲ. ಏಸಿ, ಕೂಲಿಂಗ್ ಎಂಜಿನಿಯರ್‌ಗಳ ಅಮೆರಿಕದ ಸಂಸ್ಥೆ ಆಶ್ರೇಯ ಶಿಫಾರಸು 18ರಿಂದ 27 ಡಿಗ್ರಿ. ಟೆಲಿಕಾಂ ರೂಮಿನ ಯುರೋಪಿಯನ್ ಮಾನದಂಡದಲ್ಲಂತೂ 40ರವರೆಗೆ ಹೋಗಬಹುದು. ಅಷ್ಟಕ್ಕೆ ಹೋಗದಂತೆ ಕೈ ಕಟ್ಟಿಹಾಕುವುದು ಬ್ಯಾಟರಿ. ಸೀಲ್ಡ್ ಲೆಡ್ ಆಸಿಡ್ ಬ್ಯಾಟರಿ ಇಟ್ಟ ಜಾಗ 10 ಡಿಗ್ರಿ ಜಾಸ್ತಿ ಬಿಸಿಯಾದರೆ ಅದರ ಆಯಸ್ಸು ಹೆಚ್ಚುಕಡಿಮೆ ಅರ್ಧ ಆಗುತ್ತದೆ. ಅದಕ್ಕೇ ಫ್ಯಾನ್ 26ಕ್ಕೆ ಶುರು, ಏಸಿ 30ಕ್ಕೆ ಅಂತ ಇಟ್ಟಿದ್ದೇನೆ, ಮತ್ತು ಬ್ಯಾಟರಿಗಳನ್ನು ತಂಪು ಗಾಳಿ ಬರುವ ಬಾಯಿಯ ಹತ್ತಿರಕ್ಕೇ ಸರಿಸಿದ್ದೇನೆ. ಎರಡು ಸೆಟ್ಟಿಂಗ್ ನಡುವೆ ಮೂರು ನಾಲ್ಕು ಡಿಗ್ರಿ ಅಂತರ ಇರಲೇಬೇಕು. ಇಲ್ಲದಿದ್ದರೆ ಡ್ಯಾಂಪರ್ ದಿನವಿಡೀ ತೆರೆದು ಮುಚ್ಚಿ ಮಾಡುತ್ತಿರುತ್ತದೆ.

ಮಳೆಗಾಲದ ತೇವದ ಬಗ್ಗೆ ಎಲ್ಲರೂ ಕೇಳುತ್ತಾರೆ. ಜುಲೈನಲ್ಲಿ ಹೊರಗೆ 21 ಡಿಗ್ರಿ, ತೇವಾಂಶ ಶೇ. 95 ಇದ್ದರೂ ಅದೇ ಗಾಳಿ ಒಳಗೆ 27ಕ್ಕೆ ಬಿಸಿಯಾದಾಗ ತೇವಾಂಶ ಶೇ. 66ರ ಆಸುಪಾಸಿಗೆ ಇಳಿಯುತ್ತದೆ. ಉಪಕರಣಕ್ಕೆ ಅದು ದೊಡ್ಡ ತೊಂದರೆ ಅಲ್ಲ. ತೊಂದರೆ ಬರುವುದು ಏಸಿ ಗಾಳಿ ನೇರವಾಗಿ ಬಡಿದು ತಣ್ಣಗಾದ ತಗಡಿನ ಮೇಲೆ ಈ ಒದ್ದೆ ಗಾಳಿ ಬಿದ್ದಾಗ. ಆಗ ನೀರು ಹನಿಯುತ್ತದೆ. 22 ಬೇಡ ಅನ್ನುವುದಕ್ಕೆ ಇದು ಇನ್ನೊಂದು ಕಾರಣ.

ಈಗ ಫಿಲ್ಟರ್. ಕಂಪನಿಯ ಪುಸ್ತಕದಲ್ಲಿ ಮೂರು ತಿಂಗಳಿಗೊಮ್ಮೆ ಅಂತ ಇದೆ. ನಮ್ಮ ಕಡೆ ರಾಗಿ ಒಕ್ಕಣೆ ಕಾಲದಲ್ಲಿ ಅದು ನಡೆಯುವುದಿಲ್ಲ. ರಸ್ತೆ ಮೇಲೆ ಹುಲ್ಲು ಹಾಸಿ ಗಾಡಿ ಓಡಾಡಿಸುತ್ತಾರಲ್ಲ, ಆಗ ಏಳುವ ಸುಂಕು ಎರಡೇ ವಾರದಲ್ಲಿ ಫಿಲ್ಟರ್ ಮೇಲೆ ಕಂಬಳಿ ಥರ ಕೂರುತ್ತದೆ. ಹೊರತೆಗೆದು ತಟ್ಟಿದರೆ ಹೊಟ್ಟು, ಕೂದಲೆಳೆಯಂಥ ನಾರು, ರೆಕ್ಕೆ ಹುಳ ಎಲ್ಲ ಉದುರುತ್ತವೆ. ನೀರನ್ನು ಗಾಳಿ ಬರುವ ದಿಕ್ಕಿಗೆ ವಿರುದ್ಧವಾಗಿ ಹಿಡಿಯಬೇಕು, ಇಲ್ಲದಿದ್ದರೆ ಕೊಳೆ ಇನ್ನೂ ಒಳಗೆ ಹೋಗುತ್ತದೆ. ಆಮೇಲೆ ನೆರಳಲ್ಲಿ ಒಣಗಿಸಿ, ಅಲ್ಲಿಯತನಕ ಎರಡನೇ ಸೆಟ್ ಹಾಕಿ. ಫಿಲ್ಟರ್ ಕಟ್ಟಿಕೊಂಡಿದೆ ಅನ್ನುವುದು ಶಬ್ದದಲ್ಲೇ ಗೊತ್ತಾಗುತ್ತದೆ. ರಾತ್ರಿ ತಂಪಿದ್ದರೂ ಫ್ಯಾನ್ ಪೂರ್ತಿ ವೇಗದಲ್ಲಿ ಅರಚುತ್ತಿದ್ದರೆ ಹೋಗಿ ನೋಡಿ.

ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಬಿಲ್ಲಿಗಿಂತ ಕರೆಂಟ್ ಹೋದಾಗಿನ ನಡವಳಿಕೆ. ಏಸಿಗೆ ಜನರೇಟರ್ ಬೇಕು. ಈ ಫ್ಯಾನ್ 48 ವೋಲ್ಟ್ ಡಿಸಿಯಲ್ಲಿ, ಅಂದರೆ ಉಪಕರಣಗಳ ಬ್ಯಾಟರಿಯಲ್ಲೇ ಓಡುತ್ತದೆ. ಮುಂಚೆ ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ರೂಮ್ ಕಾಯುತ್ತಿತ್ತು, ಬ್ಯಾಟರಿ ತುಂಬ ಇದ್ದರೂ ಬರೀ ಏಸಿಗೋಸ್ಕರ ಡೀಸೆಲ್ ಸುಡಬೇಕಿತ್ತು. ಈಗ ತಂಪು ಹೊತ್ತಲ್ಲಿ ಕರೆಂಟ್ ಹೋದರೆ ಜನರೇಟರ್ ಮುಟ್ಟುವುದೇ ಇಲ್ಲ. ಏಪ್ರಿಲ್ ಮಧ್ಯಾಹ್ನ ಮಾತ್ರ ಹಳೇ ಕಥೆಯೇ.

ಕಿರಿಕಿರಿಯೂ ಇದೆ. ಒಂದು ಮಳೆಗಾಲದಲ್ಲಿ ಡ್ಯಾಂಪರ್ ಮೋಟರ್ ಕೆಟ್ಟು ಬಾಗಿಲು ತೆರೆದೇ ನಿಂತಿತು. ಏಸಿ ನಿಲ್ಲದೆ ಓಡುತ್ತಿದ್ದದ್ದರಿಂದ ಗೊತ್ತಾಯಿತು. ಮಾರಿದವರು ಬಿಡಿಭಾಗ ಕಳಿಸಲು ವಾರಗಟ್ಟಲೆ ಸತಾಯಿಸಿದರು, ಅಷ್ಟು ದಿನ ಥರ್ಮೋಕೋಲ್ ಹಲಗೆ ಕಟ್ಟಿ ಮುಚ್ಚಿದ್ದೆವು. ಇಷ್ಟು ದುಡ್ಡು ತಗೊಂಡು ಹೀಗೆ ಮಾಡಬಾರದು.

ಮಂಗಳೂರು, ಕಾರವಾರದವರು ಇದನ್ನು ಹಾಕಬೇಡಿ. ಉಪ್ಪು ಗಾಳಿ ನೇರ ಬೋರ್ಡ್‌ಗಳ ಮೇಲೆ ಬೀಳುತ್ತದೆ. ಹೊರಗಿನ ಗಾಳಿ ಒಳಗೆ ಬರದ ಹೀಟ್ ಎಕ್ಸ್‌ಚೇಂಜರ್ ಮಾದರಿ ನೋಡಿ. ಕಲಬುರಗಿಯಲ್ಲಿ ಚಳಿಗಾಲದ ರಾತ್ರಿಗಳಲ್ಲಿ ಲಾಭ ಇದೆ, ಬೇಸಿಗೆಯಲ್ಲಿ ಏನೂ ಇಲ್ಲ.

ಕೊಳ್ಳುವ ಮುಂಚೆ ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ. ಡ್ಯಾಂಪರ್ ಮೋಟರ್ ಮತ್ತು ಕಂಟ್ರೋಲರ್ ಕೂಡ 48 ವೋಲ್ಟ್‌ನಲ್ಲೇ ಓಡಬೇಕು. ಫ್ಯಾನ್ ಮಾತ್ರ ಡಿಸಿ, ಡ್ಯಾಂಪರ್ 230 ವೋಲ್ಟ್ ಆಗಿದ್ದರೆ, ಕರೆಂಟ್ ಹೋದಾಗ ಬಾಗಿಲೇ ತೆರೆಯುವುದಿಲ್ಲ, ಫ್ಯಾನ್ ಸುಮ್ನೆ ಮುಚ್ಚಿದ ತಗಡಿಗೆ ತಿರುಗುತ್ತಿರುತ್ತದೆ.